ಒಂಬತ್ತು ಸಾವಿರದ ಒಂಬೈನೂರ ಅರವತ್ತೊಂದು ಗೆಲುವುಗಳ ಬಗ್ಗೆ ‘ಖಚಿತವೇ?’ ಪೆಟ್ಟಿಗೆಗೆ ಒಂದು ದೂರು

ಕಮಲಾಪುರದ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕಾಲು ಚಾಚಿ ಕೂತ ಹಿರಿಯರೇ, ಕಲಬುರಗಿಯ ಖೂಬಾ ಪ್ಲಾಟ್ ಬಡಾವಣೆಯ ಗೇಟುಗಳಿಗೆ ಮೊಣಕೈ ಊರಿ ನಿಂತ ತಾಯಂದಿರೇ, ಅದೇ ಊರಿನ ರೋಜಾ ಬಡಾವಣೆಯ ಹೋಟೆಲುಗಳಲ್ಲಿ ಅರ್ಧ ಕಪ್ ಚಹಾಕ್ಕೆ ಇಡೀ ಮಧ್ಯಾಹ್ನ ಕಳೆಯುವ ಮಹನೀಯರೇ, ಹಿಂದೆ ನಿಂತವರು ಮುಂದೆ ಬನ್ನಿ, ಮುಂದೆ ಕೂತವರು ತಲೆ ತಗ್ಗಿಸಿ. ಈ ಪತ್ರವನ್ನು ನಾನು ಬರೆಯುತ್ತಿರುವುದು ಒಬ್ಬರಿಗೇ ಆದರೂ ನಿಮ್ಮೆಲ್ಲರ ಎದುರಿಗೆ ಬರೆಯುತ್ತಿದ್ದೇನೆ, ಏಕೆಂದರೆ ಎದುರಿಗೆ ಜನ ಇಲ್ಲದಿದ್ದರೆ ಸರಿಯಾಗಿ ಸೀನುವುದಕ್ಕೂ ಬಾರದ ಮನುಷ್ಯ ನಾನು.

ಮಾನ್ಯರೇ,

ಕಂಪ್ಯೂಟರಿನ ಪರದೆಯ ನಟ್ಟನಡುವೆ ಇದ್ದಕ್ಕಿದ್ದಂತೆ ಪ್ರತ್ಯಕ್ಷರಾಗಿ, ‘ನಿಮಗೆ ಖಚಿತವೇ?’ ಎಂಬ ಎರಡೇ ಪದಗಳನ್ನು ಉಚ್ಚರಿಸಿ, ಒಂದು ಕೈಯಲ್ಲಿ ‘ಹೌದು’, ಇನ್ನೊಂದು ಕೈಯಲ್ಲಿ ‘ಬೇಡ’ ಹಿಡಿದು ನಿಲ್ಲುವ ಬೂದು ಬಣ್ಣದ ಪುಟ್ಟ ಪೆಟ್ಟಿಗೆಯವರಾದ ತಮ್ಮ ಸನ್ನಿಧಾನಕ್ಕೆ, ಕಮಲಾಪುರದ ಪೇಟಿ ಮಾಸ್ತರ ನಬಿಸಾಬರ ಮಗನೂ, ಕಲಬುರಗಿಯ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನ ಸಹಾಯಕನೂ, ಕೇಳದವರಿಗೂ ಸಲಹೆ ಕೊಡುವುದರಲ್ಲಿ ಎರಡೂ ಊರುಗಳಿಗೆ ಹೆಸರಾದವನೂ ಆದ ಫುರ್ಕಾನನು ಮಾಡುವ ಸಾಷ್ಟಾಂಗ ಸಲಾಮುಗಳು.

ತಮ್ಮ ಸೌಜನ್ಯವನ್ನು ಮೊದಲು ಹೊಗಳಿಬಿಡುತ್ತೇನೆ, ಆಮೇಲೆ ಸಮಯ ಸಿಗಲಿಕ್ಕಿಲ್ಲ. ಸರಕಾರಿ ಕಚೇರಿಯಲ್ಲಿ ಯಾರೂ ಕೇಳದ ಪ್ರಶ್ನೆಯನ್ನು, ಮದುವೆಯ ಮಂಟಪದಲ್ಲೂ ಯಾರೂ ನನ್ನನ್ನು ಮನಸಾರೆ ಕೇಳದ ಪ್ರಶ್ನೆಯನ್ನು, ತಾವು ದಿನಕ್ಕೆ ಹತ್ತು ಸಲ ಕೇಳುತ್ತೀರಿ. ಒಂದು ಹಾಳು ಫೋಟೋ ಅಳಿಸಿದರೂ ಅದೇ ಪ್ರಶ್ನೆ, ಒಬ್ಬರ ಹದಿಮೂರು ವರ್ಷ ಅಳಿಸಿದರೂ ಅದೇ ಪ್ರಶ್ನೆ. ದನಿ ಏರುವುದಿಲ್ಲ, ಹುಬ್ಬು ಕುಣಿಯುವುದಿಲ್ಲ. ನಾಟಕದ ಮಂದಿಯ ನಡುವೆ ಬೆಳೆದ ನನಗೆ ಇಂಥ ಸಪ್ಪೆ ಅಭಿನಯವನ್ನು ಗಂಭೀರವಾಗಿ ತೆಗೆದುಕೊಳ್ಳುವ ಅಭ್ಯಾಸವಿರಲಿಲ್ಲ. ದೂರಿನ ಮೂಲ ಅಲ್ಲಿದೆ.

ನನ್ನ ಅಪ್ಪ ಊರೂರಿಗೆ ಹೋಗಿ ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸುತ್ತ ರೈತರಿಗೂ ದರ್ಜಿಗಳಿಗೂ ನಾಟಕ ಕಲಿಸಿದವರು. ಅವರ ಟ್ರಂಕಿನಲ್ಲಿದ್ದ ಕೈಬರಹದ ನಾಟಕದ ವಹಿಗಳನ್ನು ಯಾರು ಕೇಳಿದರೂ ನಕಲು ಮಾಡಿಕೊಳ್ಳಲು ಕೊಡುತ್ತಿದ್ದರು. ವಹಿ ತಿರುಗಿ ಬರುವಾಗ ಎರಡು ಹಾಡು ಕಡಿಮೆಯಾಗಿ ಒಬ್ಬ ಹೊಸ ಖಳನಾಯಕ ಸೇರಿಕೊಂಡಿರುತ್ತಿದ್ದ. ಅಪ್ಪ ಸಿಟ್ಟಾಗುತ್ತಿರಲಿಲ್ಲ, ಖಳನಾಯಕ ಚೆನ್ನಾಗಿದ್ದರೆ ಉಳಿಸಿಕೊಳ್ಳುತ್ತಿದ್ದರು. ಆದ್ದರಿಂದ ಎಲ್ಲರೂ ನೋಡಬಹುದಾದ, ತಿದ್ದಬಹುದಾದ, ಹಂಚಬಹುದಾದ ಮುಕ್ತ ತಂತ್ರಾಂಶವೆಂಬುದು ಜಗತ್ತಿನಲ್ಲಿದೆ ಎಂದು ತಿಳಿದ ದಿನ ನನಗೆ ಅದು ನಮ್ಮ ಮನೆಯ ಪದ್ಧತಿಯೇ ಅನಿಸಿತು. ಅದಕ್ಕೂ ಮೊದಲು ಬೀಗ ಒಡೆದ ತಂತ್ರಾಂಶಗಳ ಸಿಡಿಗಳನ್ನು ಇದೇ ಕೈಗಳಿಂದ ಹಂಚಿದ್ದೆ ಎಂಬುದನ್ನು ಮುಚ್ಚಿಡುವುದಿಲ್ಲ. ಸಿಡಿಯ ಜೊತೆ ವೈರಸ್ಸೂ ಮನೆಮನೆಗೆ ಹೋಯಿತು, ವೈರಸ್ಸು ತೆಗೆಯಲು ಜನ ಮತ್ತೆ ನನ್ನನ್ನೇ ಕರೆದರು, ನನ್ನ ಕೀರ್ತಿ ಹಬ್ಬಿದ್ದು ಹಾಗೆ. ಈಗ ಅಂಗಿಯ ಜೇಬಿನಲ್ಲಿ ಮುಕ್ತ ತಂತ್ರಾಂಶ ತುಂಬಿದ ಪೆನ್ ಡ್ರೈವ್ ಇಟ್ಟುಕೊಂಡು, ಹೊಸದಾಗಿ ಸಿಗರೇಟು ಬಿಟ್ಟವನಂತೆ, ಕಂಡವರಿಗೆಲ್ಲ ಉಪದೇಶ ಮಾಡುತ್ತೇನೆ.

ಆಟಗಳ ವಿಷಯದಲ್ಲೂ ನನಗೆ ಘನವಾದ ಅಭಿಪ್ರಾಯಗಳಿದ್ದವು. ಯುದ್ಧದ ಆಟವೇ ಆಟ, ಇಸ್ಪೀಟು ಹೊತ್ತು ಕಳೆಯುವವರಿಗೆ ಎಂದು ನಾನು ಸಾರಿದ್ದೆ. ನನ್ನ ಯುದ್ಧದ ಪರಿ ಕೇಳಿದರೆ ತಮಗೂ ನಗು ಬಂದೀತು. ಎಲ್ಲರೂ ಗೋಡೆಯ ಹಿಂದೆ ಅಡಗಿ ಗುಂಡು ಹಾರಿಸುವಾಗ ನಾನು ಬಯಲಿನ ನಡುವೆ ಬಂದು, ಮೈಕಿನಲ್ಲಿ ಶತ್ರುವಿಗೆ ನನ್ನ ಕುಲಗೋತ್ರ ಹೇಳಿ ಸವಾಲು ಹಾಕಲು ತೊಡಗುತ್ತೇನೆ. ಮೊದಲನೆಯ ವಾಕ್ಯ ಮುಗಿಯುವುದರೊಳಗೆ ಯಾವುದೋ ದೇಶದ ಹನ್ನೊಂದು ವರ್ಷದ ಮಗು ನನ್ನನ್ನು ಹೊಡೆದು ಕೆಡವುತ್ತದೆ. ಬಿದ್ದ ಮೇಲೂ ನಾನು ಐದು ನಿಮಿಷ ಸಾಯುತ್ತಿರುತ್ತೇನೆ. ನನ್ನ ಹೆಂಡತಿ ಆಸ್ಮಾ, ಸಾಯುವುದಕ್ಕೇ ಇಷ್ಟು ಹೊತ್ತು ಬೇಕಾದವನು ಬದುಕುವುದಕ್ಕೆ ಸ್ವಲ್ಪ ಹೊತ್ತು ಕೊಡಬಾರದೇ ಎಂದು ಕೇಳಿದ್ದುಂಟು.

ಇಂಥ ಶೂರನಿಗೆ, ನಾನು ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಇಂದೂಬಾಯಿ ಅವರ ಮನೆಯಿಂದ ಕರೆ ಬಂತು. ಖೂಬಾ ಪ್ಲಾಟಿನ ಇಂದೂಬಾಯಿಯವರೂ ರೋಜಾದಲ್ಲಿರುವ ನನ್ನ ತಾಯಿಯ ತಂಗಿ ಜುಬೇದಾ ಖಾಲಾ ಅವರೂ, ಟ್ರಂಕ್ ಕಾಲ್‌ಗೆ ಜನ ಅರ್ಧ ದಿನ ಕಾಯುತ್ತಿದ್ದ ಕಾಲದಲ್ಲಿ, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಪಕ್ಕಪಕ್ಕದ ಸ್ಟೂಲಿನಲ್ಲಿ ಕೂತು ಕರೆ ಜೋಡಿಸಿದವರು. ಇಬ್ಬರಲ್ಲಿ ಯಾರ ಕೈ ಚುರುಕು ಎಂಬ ವಾದ ಆಗ ಹುಟ್ಟಿದ್ದು, ನಿವೃತ್ತಿಯಾದರೂ ತೀರಲಿಲ್ಲ. ನಿವೃತ್ತರಾದ ವರ್ಷ ಇಬ್ಬರೂ ಒಂದೇ ಅಂಗಡಿಯಲ್ಲಿ ಒಂದೇ ಬಗೆಯ ಕಂಪ್ಯೂಟರ್ ಕೊಂಡರು. ಅದರೊಳಗೆ ಒಬ್ಬರೇ ಆಡುವ ಇಸ್ಪೀಟಿನ ಆಟವಿತ್ತು, ಎಷ್ಟು ಆಡಿದಿರಿ, ಎಷ್ಟು ಗೆದ್ದಿರಿ ಎಂಬ ಲೆಕ್ಕವನ್ನು ಅದೇ ಇಡುತ್ತಿತ್ತು. ಮೊದಲು ಹತ್ತು ಸಾವಿರ ಗೆದ್ದವಳು ಜಾಣಿ, ಸೋತವಳು ಗೆದ್ದವಳ ಮನೆಗೆ ಬಂದು ಅದನ್ನು ತನ್ನ ಬಾಯಿಂದಲೇ ಹೇಳಬೇಕು ಎಂದು ಕರಾರಾಯಿತು. ಹದಿಮೂರು ವರ್ಷಗಳಿಂದ ಪ್ರತಿ ಶುಕ್ರವಾರ ಮಧ್ಯಾಹ್ನ ಫೋನಿನಲ್ಲಿ ಒಬ್ಬರಿಗೊಬ್ಬರು ಅಂಕಿ ಒಪ್ಪಿಸುತ್ತಿದ್ದರು. ಆ ವಾರ ಇಂದೂಬಾಯಿಯವರದು ಒಂಬತ್ತು ಸಾವಿರದ ಒಂಬೈನೂರ ಅರವತ್ತೊಂದು, ಖಾಲಾ ಅವರದು ಹದಿಮೂರು ಕಡಿಮೆ. ಹತ್ತು ಸಾವಿರಕ್ಕೆ ಮೂವತ್ತೊಂಬತ್ತು ಗೆಲುವು, ಬಹಳವಾದರೆ ಇಪ್ಪತ್ತು ದಿನ.

ಇದಾವುದೂ ನನಗೆ ಗೊತ್ತಿರಲಿಲ್ಲ. ಇಸ್ಪೀಟು ಆಡುವವರನ್ನು ನಾನು ವಿಚಾರಿಸುತ್ತಿರಲಿಲ್ಲವಲ್ಲ. ಕಾಕು ನನ್ನಿಂದ ಬೇಡಿದ್ದು ಒಂದೇ, ಮೌಸು ಸಿಕ್ಕಿಕೊಳ್ಳುತ್ತದೆ, ಒರೆಸಿಕೊಡು. ಎರಡು ನಿಮಿಷದ, ಒಂದು ಹತ್ತಿ ಉಂಡೆಯ ಕೆಲಸ. ನಾನು ಯಂತ್ರವನ್ನು ನೋಡಿ ಮರುಗಿದೆ. ಇಷ್ಟು ಹಳೆಯ, ಮುಚ್ಚಿದ ಬಾಗಿಲಿನ, ಪರರ ಗುಲಾಮಗಿರಿಯ ತಂತ್ರಾಂಶ! ಇದನ್ನು ಬಿಡುಗಡೆ ಮಾಡದೆ ಹೋದರೆ ನಬಿಸಾಬರ ಮಗನೇ ನಾನು? ಕಾಕು ಅವರ ಸೊಸೆ ಮಂಜುಷಾ ಚಹಾ ತಂದರು, ಪಕ್ಕದ ಮನೆಯವರಿಬ್ಬರು ಬಂದು ಸೋಫಾದಲ್ಲಿ ಕೂತರು. ಎದುರಿಗೆ ಮೂವರು ಸೇರಿದರೆ ಸಾಕು, ನನ್ನ ಮೈಮೇಲೆ ರಾಜಪೋಷಾಕು ಬಂದಂತಾಗುತ್ತದೆ. ಕನ್ನಡದಲ್ಲೇ ಮಾತಾಡುವ, ಯಾರಿಗೂ ಬಾಡಿಗೆ ಕಟ್ಟದ ಹೊಸ ವ್ಯವಸ್ಥೆಯ ಗುಣಗಾನ ಮಾಡುತ್ತಲೇ ಪೆನ್ ಡ್ರೈವ್ ಚುಚ್ಚಿದೆ. ಉಳಿಸಿಕೊಳ್ಳುವಂಥದ್ದು ಏನಾದರೂ ಇದೆಯೇ ಎಂದು ಮಂಜುಷಾ ಅವರನ್ನು ಕೇಳಿದೆ, ಫೋಟೋಗಳೆಲ್ಲ ಮೊಬೈಲಿನಲ್ಲಿವೆ ಎಂದರು. ಹೊಸದು ಕೂರಲು ಹಳೆಯದೆಲ್ಲ ಅಳಿಯಬೇಕು, ಆಗ ತಾವು ದಯಮಾಡಿಸಿದಿರಿ.

ಕಾಕು ಒಳಗೆ ಪೂಜೆಗೆ ಕೂತಿದ್ದರು. ಚಾತುರ್ಮಾಸದ ನೇಮ, ಆರತಿ ಮುಗಿಯುವವರೆಗೆ ಮಾತಾಡುವಂತಿಲ್ಲ. ನನ್ನ ಭಾಷಣ ಅವರ ಕಿವಿಗೆ ಬಿದ್ದಿದೆ, ಗಾಬರಿಯಾಗಿದ್ದಾರೆ, ಬಾಯಿ ತೆರೆಯುವಂತಿಲ್ಲ, ಕೈಗೆ ಸಿಕ್ಕ ಪೂಜೆಯ ಗಂಟೆಯನ್ನು ಎತ್ತಿ ಜೋರಾಗಿ ಮೂರು ಸಲ ಬಾರಿಸಿದ್ದಾರೆ. ಬೇರೆ ಯಾರೇ ಆಗಿದ್ದರೂ ಒಳಗೆ ಇಣುಕಿ ನೋಡುತ್ತಿದ್ದರು. ನಾಟಕದಲ್ಲಿ ಮೂರನೆಯ ಗಂಟೆಯಾದ ಮೇಲೆ ಪರದೆ ಮೇಲೇಳಲೇಬೇಕು, ರಾಜನಿಗೆ ಮೀಸೆ ಅಂಟಿಸಿರಲಿ ಬಿಡಲಿ. ಐವತ್ತೆರಡು ವರ್ಷದ ನನ್ನ ತೋರುಬೆರಳು, ನನ್ನ ಅಪ್ಪಣೆಗೂ ಕಾಯದೆ, ತಮ್ಮ ‘ಹೌದು’ ಎಂಬ ಕೈಯನ್ನು ಒತ್ತಿಬಿಟ್ಟಿತು. ಸೋಫಾದವರು ಚಪ್ಪಾಳೆ ತಟ್ಟಿದರೆಂದು ದುಃಖದಿಂದ ನಮೂದಿಸುತ್ತೇನೆ.

ಅರ್ಧ ಗಂಟೆಯ ಮೇಲೆ ಕಾಕು ಆರತಿ ಮುಗಿಸಿ ಬಂದು ಕುರ್ಚಿಯಲ್ಲಿ ಕೂತರು. ಒಂದಲ್ಲ, ಹನ್ನೆರಡು ಬಗೆಯ ಇಸ್ಪೀಟು ಹೊಸ ವ್ಯವಸ್ಥೆಯಲ್ಲಿದೆ ಎಂದು ತೆರೆದು ತೋರಿಸಿದೆ. ಅವರು ಎಲೆಗಳನ್ನು ನೋಡಲಿಲ್ಲ, ಮೂಲೆಯಲ್ಲಿದ್ದ ಸೊನ್ನೆಯನ್ನು ನೋಡಿದರು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ನೋಡಿದರು.

“ಫುರ್ಕಾನ, ನನ್ನ ಗೆಲುವು ಎಲ್ಲಿ ಹೋದ್ವಪಾ?”

ಬೈದಿದ್ದರೆ ನನ್ನ ಹತ್ತಿರ ಉತ್ತರವಿತ್ತು, ಬೈಗುಳಕ್ಕೆ ಸಾಲುಗಳು ನನಗೆ ಬಾಯಿಪಾಠ. ಇದನ್ನು ಕೇಳಿ ನಾನು ಜೇಬಿನಿಂದ ಹತ್ತಿ ತೆಗೆದು ಮೌಸು ಒರೆಸತೊಡಗಿದೆ.

ನಮ್ಮ ನಾಟಕಗಳಲ್ಲಿ ಸತ್ತ ರಾಜನೂ ಜನ ‘ಒನ್ಸ್ ಮೋರ್’ ಎಂದರೆ ಎದ್ದು ನಿಂತು, ಅದೇ ಹಾಡು ಮತ್ತೆ ಹಾಡಿ, ಮತ್ತೆ ಸಾಯುತ್ತಾನೆ. ಅದನ್ನು ನೋಡಿ ಬೆಳೆದವನು ಜಗತ್ತಿನಲ್ಲಿ ಎಲ್ಲವೂ ಮರಳಿ ಬರುತ್ತದೆಂದು ನಂಬಿದರೆ ತಪ್ಪು ಅವನದಷ್ಟೇ ಅಲ್ಲ. ಮೂರು ದಿನ ರಜೆ ಹಾಕಿ, ಅಳಿದುದನ್ನು ಹುಡುಕಿಕೊಡುವ ತಂತ್ರಾಂಶಗಳನ್ನೆಲ್ಲ ಓಡಿಸಿದೆ. ಸಿಕ್ಕಿದ್ದು ಒಂದು ಹಳೆಯ ಮುಂಜಿಯ ಆಮಂತ್ರಣ ಮತ್ತು ಹಿಂದೊಮ್ಮೆ ನಾನೇ ಆ ಮನೆಗೆ ದಾನ ಮಾಡಿದ್ದ ವೈರಸ್ಸು. ನಾಲ್ಕನೆಯ ದಿನ ಕಮಲಾಪುರದ ಕೆಂಪು ಬಾಳೆಹಣ್ಣಿನ ಗೊನೆಯೊಂದನ್ನು ಹೆಗಲ ಮೇಲೆ ಹೊತ್ತು ಖೂಬಾ ಪ್ಲಾಟಿಗೆ ಹೋಗಿ, ಆಟದ ಕಡತದೊಳಗೆ ಆ ಅಂಕಿಯನ್ನು ನಾನೇ ಬರೆದುಬಿಡಬಲ್ಲೆ, ಬೇಕಿದ್ದರೆ ಹತ್ತು ಸಾವಿರವನ್ನೇ ಬರೆಯುತ್ತೇನೆ ಎಂದು ಪಿಸುಗುಟ್ಟಿದೆ. ಕಾಕು ಗೊನೆಯನ್ನು ಒಳಗಿಡಿಸಿದರು. “ಆಡಲಾರದ ಬರೆದಿದ್ದಕ್ಕ ಗೆಲುವು ಅಂತಾರೇನಪಾ?” ಎಂದು ಕೇಳಿ, ನನಗೆ ಒಂದು ಹಣ್ಣನ್ನೂ ಕೊಡದೆ ಕಳಿಸಿದರು.

ಶುಕ್ರವಾರ ಬಂತು. ಕಾಕು ಫೋನಿನಲ್ಲಿ ತಮ್ಮ ಅಂಕಿ ಸೊನ್ನೆ ಎಂದಷ್ಟೇ ಹೇಳಿ ಇಟ್ಟುಬಿಟ್ಟರಂತೆ. ಜುಬೇದಾ ಖಾಲಾ ಕುಣಿದಾಡಬಹುದೆಂದು ನಾನು ಎಣಿಸಿದ್ದೆ. ಅವರು ಕುಣಿಯಲಿಲ್ಲ, ನನಗೆ ಫೋನ್ ಮಾಡಿ, ತಂದೆಯ ಹೆಸರು ಸೇರಿಸಿ ಒಂದು ಮಾತು ಬೈದು, ನನ್ನನ್ನೇ ಕರೆದುಕೊಂಡು ಆಟೋದಲ್ಲಿ ಖೂಬಾ ಪ್ಲಾಟಿಗೆ ಹೊರಟರು. ಇಬ್ಬರೂ ಎದುರುಬದುರು ಕೂತರು, ನಾನು ಬಾಗಿಲ ಬಳಿ ನಿಂತೆ. ನನಗೆ ಕೂರಲು ಯಾರೂ ಹೇಳಲಿಲ್ಲ, ಜೀವಮಾನದಲ್ಲಿ ಮೊದಲ ಸಲ ನನಗೆ ಸಂಭಾಷಣೆಯೂ ಇರಲಿಲ್ಲ.

ಗೆಲುವು ನಿನ್ನದು, ಬಂದು ಹೇಳಲು ನಾನು ತಯಾರು ಎಂದು ಕಾಕು ಹಟ ಹಿಡಿದರು. ಹೀಗೆ ಗೆದ್ದರೆ ತನಗೆ ರುಚಿ ಹತ್ತುವುದಿಲ್ಲ ಎಂದು ಖಾಲಾ ಹಟ ಹಿಡಿದರು. ಕನಿಕರ ಬೇಡ ಎಂದು ಒಬ್ಬರು, ಕನಿಕರ ಯಾರಿಗೆ ಬೇಕು, ನಿನ್ನ ಕೈಯ ಚುರುಕು ನೋಡಬೇಕು ಎಂದು ಇನ್ನೊಬ್ಬರು. ಕಡೆಗೆ ಖಾಲಾ ತಮ್ಮ ಲೆಕ್ಕವನ್ನೂ ಸೊನ್ನೆ ಮಾಡಿಸುತ್ತೇನೆ, ಇಬ್ಬರೂ ಮೊದಲಿನಿಂದ ಹತ್ತು ಸಾವಿರ ಆಡೋಣ ಎಂದರು. ಕಾಕು ಬೆರಳು ಮಡಚಿ ಎಣಿಸಿದರು.

“ಮತ್ತ ಹದಿಮೂರು ವರ್ಷ ಬೇಕಲ್ಲ ಜುಬೇದಾ. ಎಪ್ಪತ್ಮೂರು ಆಗ್ಯಾವ ನಮಗ. ಅಲ್ಲೀತನಕ ಇರ್ತೀವೇನು?”

“ಇರಬೇಕಾಗ್ತದ. ಸೋಲೂತನಕ ನಿನಗೆಲ್ಲಿಗೂ ಹೋಗಾಕ ಬಿಡಂಗಿಲ್ಲ ನಾ.”

ಕಾಕು ಮಂಜುಷಾ ಅವರನ್ನು ಕರೆದು ಬಾಳೆಹಣ್ಣು ತರಿಸಿ, ಒಂದನ್ನು ಖಾಲಾ ಕೈಗೆ ಕೊಟ್ಟರು. ಒಪ್ಪಂದವಾಯಿತು ಎಂದು ನನಗೆ ಗೊತ್ತಾದದ್ದು ಹಾಗೆ.

ಮಾನ್ಯರೇ, ಈಗ ನನ್ನ ವಿನಂತಿಗಳು. ಇನ್ನು ಮುಂದೆ ತಾವು ಅಳಿಸುವ ವಸ್ತುವಿನ ತೂಕಕ್ಕೆ ತಕ್ಕಷ್ಟು ದಪ್ಪವಾಗಿ ಬರಬೇಕು, ಹದಿಮೂರು ವರ್ಷವಿದ್ದರೆ ಬಾಗಿಲಲ್ಲಿ ಹಿಡಿಸದಷ್ಟು. ‘ಹೌದು’ ಎಂಬುದನ್ನು ‘ಬೇಡ’ದ ಪಕ್ಕದಲ್ಲೇ ಇಡದೆ ಪಕ್ಕದ ಓಣಿಯಲ್ಲಿ ಇಡಬೇಕು, ನಡೆದುಹೋಗಿ ಒತ್ತುವಷ್ಟರಲ್ಲಿ ನನ್ನಂಥವರ ಆವೇಶ ಇಳಿದಿರುತ್ತದೆ. ಕೂತವನು ಭಾಷಣ ಮಾಡುತ್ತಿದ್ದಾನೆಂದು ತಿಳಿದರೆ ತಾವು ಬರಲೇಬಾರದು. ಮತ್ತು ಕೇಳುವುದಾದರೆ ನಮ್ಮ ಕಡೆಯವರಂತೆ ಕೇಳಬೇಕು. ಒಂದು ತಂಬಿಗೆ ನೀರು ಕೊಟ್ಟು, ಎದುರಿಗೆ ಕೂತು, ಇದು ಯಾರದು, ಅವರನ್ನು ಕೇಳಿದೆಯಾ, ಅವರು ಈಗ ಎಲ್ಲಿದ್ದಾರೆ ಎಂದು ವಿಚಾರಿಸಬೇಕು. ‘ನಿಮಗೆ ಖಚಿತವೇ?’ ಎಂದು ನನ್ನನ್ನು ಕೇಳಿದರೆ ಏನು ಪ್ರಯೋಜನ? ನಾನು ಯಾವಾಗಲೂ ಖಚಿತವಾಗಿಯೇ ಇರುತ್ತೇನೆ, ಅದೇ ನನ್ನ ರೋಗ. ಹಂಚುವುದರ ಬಗ್ಗೆ ನನ್ನ ಅಭಿಪ್ರಾಯ ಇವತ್ತಿಗೂ ಬದಲಾಗಿಲ್ಲ. ಆದರೆ ಅಪ್ಪ ವಹಿಯನ್ನು ಕೇಳಿದವರಿಗೆ ಕೊಟ್ಟರೇ ಹೊರತು, ಕೇಳದವರ ಮನೆಗೆ ನುಗ್ಗಿ ಅವರ ವಹಿಯನ್ನು ಒಲೆಗೆ ಹಾಕಿ ತಮ್ಮದನ್ನು ಇಟ್ಟು ಬರಲಿಲ್ಲ. ಇಷ್ಟು ಸಣ್ಣ ವ್ಯತ್ಯಾಸ ಹೊಳೆಯಲು ನನಗೆ ಒಂದು ಗೊನೆ ಬಾಳೆಹಣ್ಣು ಖರ್ಚಾಯಿತು.

ತಮ್ಮ ಮೇಲೆ ಕಳೆದುಕೊಂಡ ವಿಶ್ವಾಸವನ್ನು ತನ್ನ ಮೇಲೂ ಕಳೆದುಕೊಂಡಿರುವ, ಆದರೂ ತಮ್ಮ ವಿಶ್ವಾಸಿ,
ಫುರ್ಕಾನ ನಬಿಸಾಬ್, ಕಮಲಾಪುರ

ತಾಜಾ ಕಲಂ: ಹೊಸ ಪಂದ್ಯದಲ್ಲಿ ಯಾರು ಗೆದ್ದರೂ ತಮ್ಮ ಹೆಸರನ್ನು ಯಾರೂ ನೆನೆಯುವುದಿಲ್ಲ, ಅದೊಂದರಲ್ಲಿ ನಾವಿಬ್ಬರೂ ಸಮಾನರು. ನಾಳೆ ಬೆಳಿಗ್ಗೆ ಎಂಟರ ಬಸ್ಸಿಗೆ ಕಮಲಾಪುರದಿಂದ ಹೊರಟು, ಖೂಬಾ ಪ್ಲಾಟಿನಲ್ಲಿ ಇಂದೂಬಾಯಿ ಕಾಕು ಅವರನ್ನು ಆಟೋದಲ್ಲಿ ಕೂರಿಸಿಕೊಂಡು ರೋಜಾಕ್ಕೆ ಹೋಗುತ್ತೇನೆ. ಜುಬೇದಾ ಖಾಲಾ ಅವರ ಒಂಬತ್ತು ಸಾವಿರದ ಒಂಬೈನೂರ ನಲವತ್ತೆಂಟರ ಮೇಲೆ ತಾವು ಎದ್ದು ಬಂದು ತಮ್ಮ ಎರಡು ಪದ ಹೇಳಿದ ಕೂಡಲೇ, ನಾನು ಬಾಯಿ ಮುಚ್ಚಿಕೊಂಡು ಕುರ್ಚಿ ಬಿಟ್ಟು ಏಳುತ್ತೇನೆ. ಖಾಲಾ ಕೂರುತ್ತಾರೆ. ಅವರಿಗೆ ಮನಸ್ಸು ಗಟ್ಟಿಯಾಗುವವರೆಗೆ, ಅದು ಎಷ್ಟು ಹೊತ್ತೇ ಆಗಲಿ, ತಾವೂ ನಾನೂ ನಿಂತು ಕಾಯುತ್ತೇವೆ.