ಫಾರಿನ್ ದಂಡಿಗೆ ಎಡೆ

ಪುಕ್ಕಲನಿಗೇ ಜನರನ್ನು ಹೆದರಿಸುವ ಕೆಲಸ ಸಿಕ್ಕರೆ ಏನೇನಾಗಬೇಕೋ ಅದೆಲ್ಲ ನನಗೆ ಊರೂರಲ್ಲೂ ಆಗಿದೆ. ತೊಂಬತ್ತರ ದಶಕದಲ್ಲಿ ನಾನು ಸರ್ಕಾರಿ ಪ್ರಚಾರದ ವ್ಯಾನಿನಲ್ಲಿ ಸಿನಿಮಾ ಮೆಷಿನ್ ಹೇರಿಕೊಂಡು ಹಳ್ಳಿಗಳಲ್ಲಿ ಹಳೇ ವಾರ್ತಾಚಿತ್ರ ತೋರಿಸುತ್ತಿದ್ದೆ. ಇದ್ದದ್ದು ಒಂದೇ ರೀಲು. ಮೊದಲು ಮಹಾಯುದ್ಧ, ಆಮೇಲೆ ರಾಜಕಾರಣಿಗಳ ಭಾಷಣ, ಕೊನೆಗೆ ಫಾರಿನ್ ಹೆಂಗಸರ ಫ್ಯಾಷನ್ನು. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ, ಮನೆಯಲ್ಲಿ ಹೆಂಡತಿ ತುಂಬಿದ ಬಸುರಿ. ನಮ್ಮ ಆಫೀಸಿನ ಸಾಹೇಬರು ಖಡಾಖಂಡಿತವಾಗಿ ಹೇಳಿದ್ದರು: "ಯಾವ ಊರಿಂದಾದ್ರೂ ಒಂದು ಕಂಪ್ಲೇಂಟ್ ಬಂತೋ, ನೀನು ಮನೆಗೆ. ಬರಲಿಲ್ವೋ, ಖಾಯಂ ಮಾಡ್ತೀನಿ." ಅವತ್ತಿನಿಂದ ಜನ ಕೆಮ್ಮಿದರೂ ನನ್ನ ಎದೆ ಧಸಕ್ಕೆನ್ನುತ್ತಿತ್ತು.

೧. ಮೆದೆಗೆ ಬಿದ್ದ ಬಾಂಬು

ನಾಗಮಂಗಲದ ಕಡೆ ಒಂದು ಊರಲ್ಲಿ ಎರಡು ತೆಂಗಿನ ಮರದ ನಡುವೆ ಪರದೆ ಕಟ್ಟಿದೆ. ಅದರ ಹಿಂದೆಯೇ ಒಬ್ಬ ರೈತನ ಹುಲ್ಲಿನ ಮೆದೆ. ವಿಮಾನ ಬಂತು, ಬಾಂಬು ಬಿತ್ತು, ಪರದೆ ತುಂಬಾ ಬೆಂಕಿ. ಮೆದೆಯ ಯಜಮಾನ ಎದ್ದವನೇ, "ಬೆಂಕಿ ಕಣ್ರಲಾ! ವರ್ಸದ ಮೇವು ಓಯ್ತು!" ಅಂತ ಬಾಯಿ ಬಡಿದುಕೊಂಡು ಮನೆಗೆ ಓಡಿ, ತುಂಬಿದ ಕೊಡ ತಂದು ಪರದೆಗೆ ಎರಚಿದ.

"ಅಣ್ಣೋ, ಅದು ಐವತ್ತು ವರ್ಷದ ಹಿಂದಿನ ಬೆಂಕಿ!" ಅಂತ ನಾನು ಕಿರುಚಿದೆ.

"ಅಳೇ ಬೆಂಕಿ ಸುಡಕಿಲ್ವೇನ್ಲಾ?" ಅಂತ ಎರಡನೇ ಕೊಡಕ್ಕೆ ಓಡಿದ.

ಅವನು ಅದನ್ನು ಎರಚುವುದಕ್ಕೂ ಯುದ್ಧ ಮುಗಿದು ಭಾಷಣ ಶುರುವಾಗುವುದಕ್ಕೂ ಸರಿಹೋಯಿತು. ನಾನು ಹತ್ತಿರ ಹೋಗಿ, ದಮ್ಮಯ್ಯ, ಕಂಪ್ಲೇಂಟ್ ಕೊಡಬೇಡಣ್ಣ ಅಂದೆ. ಅವನು ನನ್ನ ಬೆನ್ನು ತಟ್ಟಿದ. "ಎದ್ರುಕೋಬ್ಯಾಡ ಬುಡ್ಲಾ, ಆರಿಸ್ಬುಟ್ಟೆ. ಮುಂದ್ಲೂರಲ್ಲಿ ಉಸಾರಾಗಿ ಬೆಂಕಿ ಅಚ್ಚು."

೨. ಕಬ್ಬಿನೊಳಗಿನ ಗಂಡಸರು

ಪಾಲಹಳ್ಳಿ ಕಡೆ ವ್ಯಾನು ನಿಲ್ಲಿಸಿದ್ದೇ ತಡ, ಗಂಡಸರೆಲ್ಲ ಮಾಯ. ಹೆಂಗಸರಷ್ಟೇ ಬಂದು ಕೂತರು. ಜನ ಸೇರಲಿಲ್ಲ ಅಂತ ಕಂಪ್ಲೇಂಟ್ ಆದರೆ ಏನು ಗತಿ? ವಿಚಾರಿಸಿದೆ. "ಇಂದೆ ಇಂತಾ ವ್ಯಾನು ಬಂದು ಗಂಡಸ್ರನ್ನ ಇಡ್ಕೊಂಡೋಗಿ ಮಕ್ಕಳಾಗದಂಗೆ ಆಪ್ರೇಸನ್ ಮಾಡ್ಬುಡ್ತಿತ್ತಂತೆ ಕಣಪ್ಪ. ಅದ್ಕೇ ಕಬ್ಬಿನ ಗದ್ದೆ ಸೇರ್ಕೊಂಡವ್ರೆ" ಅಂದಳು ಒಬ್ಬಾಕೆ.

ಗದ್ದೆಯಂಚಲ್ಲಿ ಒಬ್ಬ ಬೊಚ್ಚುಬಾಯಿ ತಾತ ಸಿಕ್ಕಿದ. "ನಿಂಗ್ಯಾಕೆ ತಾತ ಭಯ?" ಅಂದೆ. "ಸರ್ಕಾರ ಮಕ ನೋಡಿ ಕುಯ್ತದಾ?" ಅಂದವನೇ ಇನ್ನಷ್ಟು ಒಳಕ್ಕೆ ಸರಿದ.

ಮೈಕಿನಲ್ಲಿ, "ಯಾರಿಗೂ ಏನೂ ಮಾಡಲ್ಲ, ಬನ್ನಿ" ಅಂತ ಕೂಗಿದೆ. ಕಬ್ಬು ಅಲ್ಲಾಡಿತು, ಆಚೆ ಕಡೆಗೆ. ಭಾಷಣದಲ್ಲಿ ನಾಯಕರು ಬೆರಳು ತೋರಿಸಿ ಗುಡುಗಿದಾಗ ಇನ್ನೂ ಆಚೆಗೆ ಹೋಯಿತು. ಆಮೇಲೆ ಫ್ಯಾಷನ್ ಬಂತು. ಮೊಣಕಾಲ ಮೇಲಿನ ಲಂಗ ತೊಟ್ಟ ಫಾರಿನ್ ಹುಡುಗಿಯರು ಸೊಂಟದ ಮೇಲೆ ಕೈ ಇಟ್ಟುಕೊಂಡು ನಡೆದರು. ಕಬ್ಬು ಮೆಲ್ಲಗೆ ಈಚೆಗೆ ಅಲ್ಲಾಡಿತು. ಒಂದು ತಲೆ ಕಂಡಿತು, ಆಮೇಲೆ ಹತ್ತು, ಆಮೇಲೆ ಊರಿಗೆ ಊರೇ. ಕೂತಿದ್ದ ಹೆಂಡತಿಯರು ಒಟ್ಟಿಗೆ ಹಿಂದಕ್ಕೆ ತಿರುಗಿ ನೋಡಿದರು.

ಎಲ್ಲರೂ ಮತ್ತೆ ಕಬ್ಬಿಗೆ ಬಿದ್ದು ಓಡಿದರು. ಈ ಸಲ ಸರ್ಕಾರಕ್ಕೆ ಹೆದರಿ ಅಲ್ಲ.

೩. ಬೇವಿನ ಸೊಪ್ಪು

ಕಿಕ್ಕೇರಿ ಕಡೆಯ ಊರಿಗೆ ಸಾಹೇಬರೇ ನನ್ನ ಕೆಲಸ ನೋಡಲು ಬಂದರು. ಪಿತೃಪಕ್ಷದ ಸಮಯ. ಊರ ಗೌಡರು ಊಟಕ್ಕೆ ಕರೆದರೆ, "ಬಾಡು ಮುಟ್ಟಲ್ಲ, ಸಾರಾಯಿ ಅಂದ್ರೆ ವಾಸನೇನೂ ಆಗಲ್ಲ" ಅಂತ ಎಲ್ಲರೆದುರು ಹೇಳಿ, ಬೆಳಗಿನಿಂದ ಖಾಲಿಯಿದ್ದ ಹೊಟ್ಟೆಯಲ್ಲೇ ಸ್ಕೂಲಿನ ಹಾಲ್‌ನಲ್ಲಿ ಕೂತರು.

ದೀಪ ಹಚ್ಚುವ ಹೊತ್ತಿಗೆ ರೀಲು ಹಾಕಿದೆ. ಬಿಳೀ ಸೈನಿಕರು ಸಾಲಾಗಿ ಹಡಗು ಹತ್ತುತ್ತಿದ್ದರು. ಮುಂದೆ ಕೂತಿದ್ದ ಗೌಡರ ಮನೆಯ ಅಜ್ಜಿ, "ಇವ್ರೆಲ್ಲಾ ಈಗ ಎಲ್ಲವ್ರಪ್ಪ?" ಅಂದಳು.

"ಈಗೆಲ್ಲಿ ಅಜ್ಜಿ, ಎಲ್ಲಾ ಯುದ್ಧದಲ್ಲಿ ಸತ್ತೋದ್ರು" ಅಂದೆ. ನನ್ನ ಬಾಯಿಗಿಷ್ಟು ಮಣ್ಣು ಹಾಕ.

"ಪಕ್ಸದ ದಿವ್ಸ ಸತ್ತೋರ್ನ ಊರೊಳಕ್ಕೆ ಕರ್ಕೊಂಬಂದಿದ್ದೀಯಲ್ಲೋ ಮುಂಡೇದೇ! ಇವ್ರಿಗೆ ಯಾರ್ಲಾ ಎಡೆ ಇಟ್ಟವ್ರೆ? ಅಸ್ಕೊಂಡವ್ರೆ! ನಮ್ ಇರೀಕ್ರ ಪಾಲ್ಗೆ ಕೈ ಆಕ್ತಾರೆ!"

ತಾಯಂದಿರು ಮಕ್ಕಳನ್ನು ಸೆರಗಿನೊಳಗೆ ಎಳೆದುಕೊಂಡರು. ನನಗೂ ಪರದೆ ನೋಡಲು ಹೆದರಿಕೆಯಾಯಿತು. ಗೌಡರು, "ನಾಳೀಕೇ ಕಂಪ್ಲೇಂಟ್ ಬರೀತೀನಿ" ಅಂದರು. ಸಾಹೇಬರು ನನ್ನ ಕಿವಿಯ ಹತ್ತಿರ, "ನಾಳೆಯಿಂದ ನೀನು ಬರಬೇಡ" ಅಂದರು. ಬಸುರಿ ಹೆಂಡತಿಯ ಮುಖ ಕಣ್ಣೆದುರು ಬಂತು.

ದಾರಿ ಹುಡುಕಿದವಳು ಅಜ್ಜಿಯೇ. ದಂಡಿಗೂ ಎಡೆ ಇಟ್ಟುಬಿಡೋಣ! ಪರದೆ ಮುಂದೆ ಬಾಳೆ ಎಲೆ ಹಾಸಿ, ಮುದ್ದೆ, ನಾಟಿ ಕೋಳಿ ಸಾರು, ಒಂದು ಬಾಟ್ಲಿ ಸಾರಾಯಿ ಇಟ್ಟರು. ಸತ್ತವರು ಬಂದು ಉಣ್ಣುವಾಗ ಯಾರೂ ನೋಡಬಾರದು, ಬಾಗಿಲು ಮುಚ್ಚಿ ಎಲ್ಲರೂ ಹೊರಗಿರಬೇಕು. ಸಾಹೇಬರು ಮಾತ್ರ, "ಮೂಢನಂಬಿಕೆ! ಸರ್ಕಾರಿ ಮೆಷಿನ್ ಬಿಟ್ಟು ನಾನು ಬರಲ್ಲ" ಅಂತ ಒಳಗೇ ಕೂತರು.

ಸ್ವಲ್ಪ ಹೊತ್ತು ಬಿಟ್ಟು ಬಾಗಿಲು ತೆಗೆದರೆ ಎಲೆ ಖಾಲಿ, ಬಾಟ್ಲಿಯೂ ಖಾಲಿ. ಸಾಹೇಬರು ತೂರಾಡುತ್ತಾ, "ಎವೆರಿಥಿಂಗ್ ಓಕೆ, ಎವೆರಿಥಿಂಗ್ ಓಕೆ" ಅನ್ನುತ್ತಿದ್ದರು.

ಅಜ್ಜಿ ಮೂಗರಳಿಸಿದಳು. "ಸಾರಾಯಿ ಮೂಸ್ದೇ ಇರೋ ಸಾಹೇಬ್ರು ಇಂಗೆ ನಾರ್ತಾವ್ರಲ್ರೋ! ದಂಡಿನೋನು ಮೈಮ್ಯಾಲೆ ಬಂದವ್ನೆ. ಬೇವಿನ ಸೊಪ್ಪು ತನ್ನಿ!" ತಂದದ್ದನ್ನು ನನ್ನ ಕೈಗೇ ಕೊಟ್ಟಳು. "ಕರ್ಕೊಂಬಂದೋನೇ ಕಳಿಸ್ಬೇಕು. ವಡಿ!"

ಮೆಲ್ಲಗೆ ಒಂದು ಸವರಿದೆ. "ಅದೇನ್ಲಾ ನೊಣ ವಡ್ದಂಗೆ!" ಅಂತ ಅಜ್ಜಿ ಗದರಿದಳು. ಬಾರಿಸಿದೆ. ಸಾಹೇಬರು ನನ್ನನ್ನು ದುರುಗುಟ್ಟಿ ನೋಡಿದರು, ಆದರೆ ತಿಂದದ್ದು ನಾನೇ ಅಂತ ಯಾವ ಬಾಯಲ್ಲಿ ಹೇಳಿಯಾರು? ತಲೆ ತಗ್ಗಿಸಿ, "ಹೋಗ್ತೀನಿ" ಅಂದರು.

"ಬರೀ ಬಾಯ್ಮಾತು ನಂಬಬ್ಯಾಡ, ಬಾಷೆ ತಗೋ!" ಅಂದಳು ಅಜ್ಜಿ.

ಆಗ ಎಲ್ಲಿತ್ತೋ ಧೈರ್ಯ, ಸೊಪ್ಪು ಎತ್ತಿ ಹಿಡಿದು ಕೇಳಿಯೇಬಿಟ್ಟೆ: "ನನ್ನ ಕೆಲಸ ಖಾಯಂ ಮಾಡ್ತೀಯೋ, ಇಲ್ವೋ?"

"ಮಾಡ್ತೀನಿ ಮಾರಾಯ, ಸೋಮವಾರವೇ ಮಾಡ್ತೀನಿ!"

ಅಜ್ಜಿ ಕೆನ್ನೆ ಮೇಲೆ ಕೈ ಇಟ್ಟುಕೊಂಡಳು. "ಅಯ್ ಶಿವನೇ, ದಯ್ಯಗಳೂ ಸರ್ಕಾರಿ ನೌಕ್ರಿಲವ್ರಾ? ಅಂಗಾದ್ರೆ ಇನ್ನೊಂದೆಲ್ಡು ಬಾರಿಸಿ, ನನ್ ಪಿಂಚಣಿ ಯಾಕೆ ನಿಂತೋಗದೆ ಅಂತ್ಲೂ ಕೇಳ್ಬುಡ್ಲಾ!"