ಕೊತ್ತಂಬರಿ ಐದು, ಗ್ಯಾಸು ಆರು

ಆಗ ನನಗೆ ಅರವತ್ತೇಳು ತುಂಬಿತ್ತು. ಈಗ್ಗೆ ಮೂರು ವರ್ಷದ ಹಿಂದಿನ ಮಾತು. ಆ ವಯಸ್ಸಿನಲ್ಲಿ ಹೆಂಗಸರು ಜಪಮಾಲೆ ಹಿಡಿಯುತ್ತಾರೆ, ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಾರೆ, ಸೊಸೆ ಮಾಡಿದ ಸಾರಿನಲ್ಲಿ ತಪ್ಪು ಹುಡುಕುತ್ತಾರೆ. ನಾನು ಹೊಸದಾಗಿ ಒಂದು ಉದ್ಯೋಗ ಕಲಿತೆ. ಇನ್ನೊಬ್ಬರಿಗೆ ಕಣ್ಣಾಗುವ ಉದ್ಯೋಗ. ಕೇಳುವುದಕ್ಕೆ ಇದು ಪಾದ್ರಿಗಳ ಪ್ರವಚನದ ಹಾಗೆ ಚೆನ್ನಾಗಿದೆ. ಮಾಡಿ ನೋಡಿದವರಿಗೆ ಮಾತ್ರ ಗೊತ್ತು, ಅದರಲ್ಲಿ ರಜೆಯಿಲ್ಲ, ಕುತ್ತಿಗೆ ನೋವು ಖಂಡಿತ, ಮತ್ತು ಕಣ್ಣು ಇಲ್ಲದವನೇ ಕಣ್ಣು ಇರುವವಳಿಗೆ ನೆಟ್ಟಗೆ ನೋಡು ಎಂದು ಗದರಿಸುತ್ತಾನೆ.

ನನ್ನ ಗಂಡ ಫೆಲಿಕ್ಸ್ ಅಬುಧಾಬಿಯ ಒಂದು ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ದುಡಿದವರು. ಅಲ್ಲಿ ರಿಪೇರಿಗೆ ಬರುತ್ತಿದ್ದದ್ದು ಟಿವಿಯಲ್ಲ, ರೇಡಿಯೋ ಅಲ್ಲ. ಟಿವಿ ರೇಡಿಯೋಗಳನ್ನು ಪರೀಕ್ಷೆ ಮಾಡುವ ಯಂತ್ರಗಳು. ಮನುಷ್ಯರಿಗೆ ಜ್ವರ ಬಂದರೆ ಥರ್ಮಾಮೀಟರು ಇಡುತ್ತಾರಷ್ಟೆ. ಆ ಥರ್ಮಾಮೀಟರಿಗೇ ಜ್ವರ ಬಂದರೆ ನನ್ನ ಗಂಡನ ಹತ್ತಿರ ತರುತ್ತಿದ್ದರು ಎಂದು ತಿಳಿದುಕೊಳ್ಳಿ. ಇವರು ಅದನ್ನು ಇನ್ನೊಂದು ಹಳೆಯ ಯಂತ್ರ ಇಟ್ಟು ನೋಡುತ್ತಿದ್ದರು. ಆ ಇನ್ನೊಂದು ಸರಿಯಿದೆ ಎಂದು ಹೇಗೆ ಗೊತ್ತು ಎಂದು ಮದುವೆಯಾದ ಹೊಸದರಲ್ಲಿ ಕೇಳಿದ್ದೆ. ಉತ್ತರ ಇನ್ನೂ ಬರಬೇಕಷ್ಟೆ.

ಕೆಲಸ ಮುಗಿದ ಮೇಲೆ ನಾವು ದುಬೈಗೆ, ಅಲ್ ಕುಸೈಸಿನಲ್ಲಿರುವ ಮಗ ರೋಶನ್‌ನ ಫ್ಲ್ಯಾಟಿಗೆ ಬಂದೆವು. ಅವನೂ ಸೊಸೆಯೂ ಬೆಳಿಗ್ಗೆ ಆಫೀಸಿಗೆ ಹೋದರೆ ಸಂಜೆಯವರೆಗೆ ಮನೆಯಲ್ಲಿ ನಾವಿಬ್ಬರೇ. ಮೊದಲ ಎರಡು ತಿಂಗಳು ಇವರು ಮಾಡಲು ಕೆಲಸವಿಲ್ಲದೆ ನನ್ನ ಅಡುಗೆಮನೆಯಲ್ಲಿ ನಿಂತರು. ಸುಮ್ಮನೆ ನಿಂತಿದ್ದರೆ ನನ್ನದೇನೂ ತಕರಾರಿರಲಿಲ್ಲ, ಗೋಡೆಯೂ ನಿಂತೇ ಇರುತ್ತದೆ. ಇವರು ಮುಚ್ಚಳ ತೆಗೆದು ನೋಡುತ್ತಿದ್ದರು. ಉಪ್ಪು ಹಾಕಿದ್ದೀಯಾ ಎಂದು ಒಂದೇ ಸಾರಿಗೆ ಮೂರು ಸಲ ಕೇಳುತ್ತಿದ್ದರು. ಕುಕ್ಕರಿನ ಒಂದು ಸೀಟಿಗೂ ಇನ್ನೊಂದಕ್ಕೂ ನಡುವೆ ಎಷ್ಟು ಸೆಕೆಂಡು ಎಂದು ವಾಚು ಹಿಡಿದು ಎಣಿಸಿ, ವಾಷರ್ ಹೋಗಿದೆ ಎಂದು ಹೇಳಿದರು. ವಾಷರ್ ಹೋಗಿರಲಿಲ್ಲ. ಇವರು ಬಿಚ್ಚಿ ನೋಡಿದ ಮೇಲೆ ಹೋಯಿತು. ಮೂವತ್ತು ವರ್ಷ ಬೇರೆ ಊರಿನಲ್ಲಿದ್ದ ಹಾಗೆ ಬೆಳಿಗ್ಗೆ ಹೋಗಿ ಸಂಜೆ ಬರುತ್ತಿದ್ದ ಗಂಡ ಇಡೀ ದಿನ ಮನೆಯಲ್ಲಿರುವುದು ಎಂದರೆ ಏನೆಂದು ನನಗೆ ಯಾರೂ ಮೊದಲೇ ಹೇಳಿರಲಿಲ್ಲ.

ಆದ್ದರಿಂದ ಕೆಲಸದವಳಿಗೆಂದು ಕಟ್ಟಿದ ಕಿಟಕಿಯಿಲ್ಲದ ಚಿಕ್ಕ ಕೋಣೆಯನ್ನು ಪಪ್ಪನಿಗೆ ಬಿಟ್ಟುಕೊಡು ಎಂದು ರೋಶನ್‌ನನ್ನು ಬೇಡಿಕೊಂಡವಳು ನಾನೇ. ಪ್ರೀತಿಗಲ್ಲ, ನನ್ನ ಅಡುಗೆಮನೆ ನನಗೆ ಸಿಗಲಿ ಎಂದು. ಕೋಣೆ ಸಿಕ್ಕಿತು. ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನ ಹಮೀದಾಕ ಯಂತ್ರಗಳನ್ನು ತಂದು ತುಂಬಿಸಿದರು. ಹಮೀದಾಕ ನಮ್ಮ ಕಡೆಯ ಬ್ಯಾರಿಗಳು, ಇವರ ಹಳೆಯ ದೋಸ್ತಿ. ಮೊದಲು ಅಂಗಡಿಯಲ್ಲಿ ವಯರು, ವಾಲ್ವು ಮಾರುತ್ತಿದ್ದರು. ಈಗ ಮೊಬೈಲಿನ ಕವರು ಮಾರುತ್ತಾರೆ. ಯಾವ ವರ್ಕ್‌ಶಾಪು ಬಾಗಿಲು ಹಾಕಿದರೂ ಅಲ್ಲಿನ ಹಳೆಯ ಯಂತ್ರ ಗುಜರಿಗೆ ಹೋಗುವ ಮೊದಲು ಅವರಿಗೆ ಸುದ್ದಿ ಬರುತ್ತದೆ. ಅದಕ್ಕೆ ಇವರು ತಿಂಗಳುಗಟ್ಟಲೆ ಕುಳಿತು ಜೀವ ಬರಿಸುವುದು, ಅಂಥದ್ದರ ಹುಚ್ಚು ಇರುವವರು ಒಯ್ಯುವುದು. ಮನೆಗೆ ನೆಮ್ಮದಿ ಬಂತು. ರೋಶನ್ ಮಾತ್ರ ಒಂದು ಕರಾರು ಹಾಕಿದ್ದ. ಆ ಪೆಟ್ಟಿಗೆಗಳ ಒಳಗೆ ಎರಡು ಸಾವಿರ ವೋಲ್ಟು ಓಡುತ್ತದಂತೆ. ಪಪ್ಪನ ಕಣ್ಣು, ಕೈ ಸರಿ ಇರುವವರೆಗೆ ಈ ಆಟ, ಒಂದು ದಿನ ಸರಿ ಇಲ್ಲ ಎಂದು ಕಂಡರೆ ಖಲಾಸ್, ಕೋಣೆಗೆ ಬೀಗ ಎಂದಿದ್ದ.

ಎರಡು ವರ್ಷ ಕಳೆಯುವುದರೊಳಗೆ ಕಣ್ಣು ಸರಿ ಇಲ್ಲ ಎಂದಾಯಿತು. ಮೊದಲು ಕಂಡುಹಿಡಿದದ್ದು ನಾನು. ಚಹಾಕ್ಕೆ ಹಾಲು ಬಿದ್ದಿದೆಯೋ ಇಲ್ಲವೋ ಇವರು ಬಾಯಿಗೆ ಹಾಕಿಯೇ ತಿಳಿಯುತ್ತಿದ್ದರು. ಊರಿನವರ ಸಂಘ ಕಣ್ಣಿನ ಶಿಬಿರ ಇಟ್ಟಾಗ ಎಳೆದುಕೊಂಡು ಹೋದೆ. ಎರಡೂ ಕಣ್ಣಿಗೆ ಪೊರೆ ಬಂದಿದೆ, ತೆಗೆಸಬೇಕು ಎಂದು ಡಾಕ್ಟರರು ಚೀಟಿ ಬರೆದುಕೊಟ್ಟರು. ಇವರು ಆ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಯಾವುದೋ ಯಂತ್ರದ ಅಡಿಗೆ, ಅಲುಗಾಡುತ್ತಿದ್ದ ಕಾಲಿಗೆ ಕೊಟ್ಟರು. ಪೊರೆ ಇನ್ನೂ ಬಲಿಯಲಿಲ್ಲ ಎಂದರು. ಸೆಕೆ ಕಳೆಯಲಿ ಎಂದರು. ಕ್ರಿಸ್ಮಸ್ ಆಗಲಿ ಎಂದರು. ಎರಡು ಸಾವಿರ ವೋಲ್ಟಿಗೆ ಕೈ ಹಾಕುವ ಗಂಡಸಿಗೆ ಒಂದು ಸಣ್ಣ ಚೂರಿಯ ಹೆದರಿಕೆ. ನಾನು ಬೇಕಾದಷ್ಟು ನಗಾಡಿದೆ. ಆದರೆ ರೋಶನ್‌ಗೆ ಹೇಳಲಿಲ್ಲ. ಹೇಳಿದರೆ ಕೋಣೆಗೆ ಬೀಗ ಬೀಳುತ್ತದೆ, ಇವರು ಪುನಃ ಮುಚ್ಚಳ ತೆಗೆಯಲು ಬರುತ್ತಾರೆ.

ಹೀಗೆ ನಾನು ಕಣ್ಣಾದೆ. ಈ ಯಂತ್ರಗಳೊಳಗೆ ರೆಸಿಸ್ಟರ್ ಎಂದು ಗಂಧಸಾಲೆ ಭತ್ತಕ್ಕಿಂತ ಸ್ವಲ್ಪ ದಪ್ಪದ ಕಾಳುಗಳಿರುತ್ತವೆ, ನೂರಾರು. ಅವುಗಳ ಮೈಮೇಲೆ ಬಣ್ಣದ ಪಟ್ಟಿ. ಒಂದೊಂದು ಬಣ್ಣಕ್ಕೆ ಒಂದೊಂದು ಅಂಕೆ. ಮೊದಲ ಎರಡು ಪಟ್ಟಿ ಲೆಕ್ಕದ ಅಂಕೆ, ಮೂರನೆಯದು ಅದರ ಮುಂದೆ ಎಷ್ಟು ಸೊನ್ನೆ ಎಂದು. ಕಾಳು ಸುಟ್ಟರೆ ಅದೇ ಬಣ್ಣದ ಹೊಸ ಕಾಳು ಹಾಕಬೇಕು. ಇವರು ಇಂಗ್ಲಿಷಿನಲ್ಲಿ ಕಲಿಸಲು ನೋಡಿದರು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಅದು ತಲೆಗೆ ಹೋಗಲಿಲ್ಲ. ನಾನು ನನ್ನ ಡಬ್ಬಿಗಳನ್ನೇ ಅಂಕೆ ಮಾಡಿಕೊಂಡೆ. ಸಾಸಿವೆ ಸೊನ್ನೆ, ಕಾಫಿ ಒಂದು, ಕೆಂಪು ಮೆಣಸು ಎರಡು, ಬೇಯಿಸಿದ ಸಿಗಡಿ ಮೂರು, ಅರಸಿನ ನಾಲ್ಕು, ಕೊತ್ತಂಬರಿ ಸೊಪ್ಪು ಐದು. ನೀಲಿ ಬಣ್ಣದ ತಿನ್ನುವ ವಸ್ತುವನ್ನು ದೇವರು ಮಾಡಿಲ್ಲವಾದ್ದರಿಂದ ಒಲೆಯ ಗ್ಯಾಸಿನ ಉರಿಯನ್ನು ಆರು ಮಾಡಿದೆ. ಬದನೆ ಏಳು, ಬಂಗುಡೆ ಮೀನಿನ ಬೆನ್ನು ಎಂಟು, ತೆಂಗಿನಕಾಯಿ ಒಂಬತ್ತು. ಒಂದು ವಾರದಲ್ಲಿ ಬಾಯಿಪಾಠವಾಯಿತು. ಪೆಟ್ಟಿಗೆಯ ಹತ್ತಿರ ಹೋಗುವಾಗ ಒಂದು ಕೈ ಜೇಬಿನಲ್ಲಿರಬೇಕು, ಎರಡೂ ಕೈ ಒಳಗಿಟ್ಟರೆ ಕರೆಂಟು ಒಂದರಿಂದ ಇನ್ನೊಂದಕ್ಕೆ ಎದೆಯ ಮೇಲಿಂದ ದಾಟುತ್ತದೆ ಎಂದು ಕಲಿಸಿದರು. ನನ್ನ ನೈಟಿಗೆ ಜೇಬಿಲ್ಲ. ಸೊಂಟದ ಹಿಂದೆ ಕೈ ಕಟ್ಟಿಕೊಂಡು, ಬಗ್ಗಿ, ಭೂತಕನ್ನಡಿಯಲ್ಲಿ ನೋಡಿ ಹೇಳುತ್ತಿದ್ದೆ. ಮೆಣಸು, ಮೆಣಸು, ಅರಸಿನ. ಇವರು ಲೆಕ್ಕ ಹಾಕಿ, ಡ್ರಾಯರಿನಲ್ಲಿ ಕೈಯ ಅಂದಾಜಿನಲ್ಲೇ ಖಾನೆ ಹುಡುಕಿ, ಹೊಸ ಕಾಳು ತೆಗೆಯುತ್ತಿದ್ದರು. ಹಮೀದಾಕ ಒಮ್ಮೆ ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳಿಸಿಕೊಂಡು, ಏನು ಬಾಯಿ, ಯಂತ್ರಕ್ಕೆ ಮಸಾಲೆ ಅರೆದು ಗಸಿ ಮಾಡುವುದಾ ಎಂದು ಕೇಳಿದ್ದರು. ಕ್ರಿಶ್ಚಿಯನ್ ಹೆಂಗಸರನ್ನು ಅವರು ಬಾಯಿ ಎಂದೇ ಕರೆಯುವುದು. ಗುಟ್ಟು ತಿಳಿದಿದ್ದ ಮೂರನೆಯವರು ಅವರೊಬ್ಬರೇ.

ಒಂದು ವರ್ಷ ಹೀಗೆ ನಡೆಯಿತು. ಆಮೇಲೆ ಹಮೀದಾಕ ಒಂದು ಆಸಿಲೋಸ್ಕೋಪ್ ತಂದರು. ಕರೆಂಟು ಹೇಗೆ ಕುಣಿಯುತ್ತದೆ ಎಂದು ಗಾಜಿನ ಮೇಲೆ ಹಸಿರು ಗೆರೆ ಎಳೆದು ತೋರಿಸುವ ಪೆಟ್ಟಿಗೆ ಅದು. ಇವರು ಮೊದಲ ದಿನ ಕೆಲಸಕ್ಕೆ ಸೇರಿದಾಗ ಮೇಜಿನ ಮೇಲಿದ್ದದ್ದು ಅದೇ ಅಂತೆ. ವರ್ಕ್‌ಶಾಪಿನ ಹಳೆಯ ಧಣಿ, ಅರಬಾಬ್, ತನ್ನ ಮಜ್ಲಿಸಿನಲ್ಲಿ, ಅಂದರೆ ಅತಿಥಿಗಳನ್ನು ಕೂರಿಸುವ ಕೋಣೆಯಲ್ಲಿ, ಅದನ್ನು ಉರಿಸಿ ಇಡಬೇಕು, ಫೆಲಿಕ್ಸೇ ಮಾಡಬೇಕು ಎಂದು ಹೇಳಿ ಕಳಿಸಿದ್ದರು. ಇವರು ಊಟ ಬಿಟ್ಟು ಕುಳಿತರು. ನಾನೂ ಬಗ್ಗಿ ಬಗ್ಗಿ ಸೊಂಟ ಕಳಕೊಂಡೆ. ಕೊನೆಗೆ ಹಿಂಭಾಗದಲ್ಲಿ, ಎರಡು ಸಾವಿರ ವೋಲ್ಟಿನ ಹಾದಿಯಲ್ಲಿ, ಒಂದು ಕಾಳು ಒಳಗೆ ಕಡಿದುಹೋಗಿರುವುದು ಗೊತ್ತಾಯಿತು. ಮೀಟರು ಇಟ್ಟರೆ ಮುಳ್ಳು ಅಲುಗಾಡಲಿಲ್ಲ. ಅದು ಮೊದಲು ಎಷ್ಟಿತ್ತು ಎಂದು ತಿಳಿಯಲು ಬಣ್ಣ ಬಿಟ್ಟರೆ ಬೇರೆ ದಾರಿಯಿಲ್ಲ. ನಾನು ನೋಡಿ ಹೇಳಿದೆ. ಕಾಫಿ, ಸಾಸಿವೆ, ಕೊತ್ತಂಬರಿ. ಸರಿಯಾಗಿ ನೋಡಿದೆಯಾ ಎಂದರು. ನನಗೆ ಕಣ್ಣುಂಟು ಎಂದೆ. ಇವರು ಆ ಲೆಕ್ಕದ ಹೊಸ ಕಾಳು ಕೂರಿಸಿದರು.

ಭಾನುವಾರ ಚರ್ಚಿನ ಪೂಜೆ ಮುಗಿಸಿ ಬರುವಾಗ ಹಮೀದಾಕ ಬಂದು ಕಾಯುತ್ತಿದ್ದರು. ಇವರು ಇಸ್ತ್ರಿ ಮಾಡಿದ ಅಂಗಿಯಲ್ಲೇ ಕೋಣೆಗೆ ಹೋಗಿ ಸ್ವಿಚ್ ಹಾಕಿದರು. ರೋಶನ್ ಹಾಲಿನಲ್ಲಿದ್ದ. ಒಂದು ನಿಮಿಷ ಏನೂ ಇಲ್ಲ. ಆಮೇಲೆ ಗಾಜಿನ ಮೇಲೆ ಹಸಿರು ಬಂತು, ಆದರೆ ಗೆರೆಯಲ್ಲ, ಒದ್ದೆ ಬಟ್ಟೆಯಲ್ಲಿ ಒರಸಿದ ಹಾಗೆ ಹರಡಿಕೊಂಡು. ಇವರಿಗೆ ಹೇಗೂ ಎಲ್ಲವೂ ಹಾಗೆಯೇ ಕಾಣುವುದಲ್ಲವೇ, ಬಂತಾ ಬಂತಾ ಎಂದು ಸಂತೋಷಪಟ್ಟರು. ಅಷ್ಟರಲ್ಲಿ ಹಿಂದಿನಿಂದ ಹೊಗೆ ಬಂತು. ಹಾಲಿನ ಛಾವಣಿಯ ಹೊಗೆ ಗಂಟೆ ಕಿರುಚಲು ಶುರುಮಾಡಿತು. ರೋಶನ್ ಓಡಿ ಬಂದು ಪ್ಲಗ್ಗು ಕಿತ್ತ.

ಗಂಟೆ ನಿಲ್ಲಿಸಿ, ಬಾಗಿಲು ತೆರೆದಿಟ್ಟು, ಎಲ್ಲರೂ ಒಮ್ಮೆ ಕೆಮ್ಮಿದ ಮೇಲೆ ಇವರು ಹಳೆಯ ಕಾಳು ಎಲ್ಲಿ ಎಂದು ಕೇಳಿದರು. ಅದನ್ನು ನಾನು ಜಾಮಿನ ಬಾಟಲಿಯ ಮುಚ್ಚಳದಲ್ಲಿ ಹಾಕಿಟ್ಟಿದ್ದೆ. ರೋಶನ್ ಅದನ್ನು ಬೆಳಕಿಗೆ ಹಿಡಿದು ಕಂದು, ಕಪ್ಪು, ನೀಲಿ ಎಂದ.

ಇವರು ಗೋಡೆಗೆ ಒರಗಿದರು. ಕೊತ್ತಂಬರಿಯಾದರೆ ಹತ್ತು ಲಕ್ಷ, ಗ್ಯಾಸಾದರೆ ಒಂದು ಕೋಟಿ. ಕೋಟಿ ನಿಲ್ಲಬೇಕಾದ ಜಾಗದಲ್ಲಿ ಹತ್ತು ಲಕ್ಷವನ್ನು ನಿಲ್ಲಿಸಿದರೆ ಅದು ಪಾಪ ಎಷ್ಟು ತಡೆದೀತು.

"ಯಾರು ಓದಿದ್ದು ಇದನ್ನು?" ಎಂದು ರೋಶನ್ ಕೇಳಿದ.

ಇವರು ನನ್ನ ಕಡೆಗೆ, ಅಂದರೆ ನಾನು ನಿಂತಿರಬಹುದು ಎಂದು ಅವರು ಅಂದಾಜು ಮಾಡಿದ ಕಡೆಗೆ, ಒಮ್ಮೆ ತಿರುಗಿದರು. ಅಲ್ಲಿದ್ದದ್ದು ಬೀರು. "ನಾನೇ ನೋಡಿದ್ದು," ಎಂದರು.

"ನೀವು ನೋಡಿದ್ದಾ ಪೊರ್ಬುಗಳೇ?" ಎಂದರು ಹಮೀದಾಕ. ನಮ್ಮ ಕಡೆ ಕ್ರಿಶ್ಚಿಯನ್ ಗಂಡಸರನ್ನು ಹಾಗೆ ಕರೆಯುವುದುಂಟು. "ಮೊನ್ನೆ ನನ್ನ ಅಂಗಡಿಯಲ್ಲಿ ಜಾಹೀರಾತಿನ ರಟ್ಟಿನ ಮನುಷ್ಯನಿಗೆ ಸ್ವಲ್ಪ ಸರಿಯಪ್ಪಾ ಎಂದು ಹೇಳಿದವರು ನೀವೇ ಅಲ್ವಾ?"

ಅವರು ತಮಾಷೆಗೆ ಹೇಳಿದ್ದು. ಬಾಯಿಂದ ಹೊರಗೆ ಬಿದ್ದ ಮೇಲೆ ಅವರಿಗೇ ಗೊತ್ತಾಗಿ ಚಪ್ಪಲಿ ಹುಡುಕಲು ಹೋದರು. ರೋಶನ್ ಅಪ್ಪನನ್ನು ನೋಡಿದ, ನನ್ನನ್ನು ನೋಡಿದ. ಕಾಳನ್ನು ನನ್ನ ಮೂಗಿನ ಹತ್ತಿರ ಹಿಡಿದ.

"ಮಮ್ಮಿ, ಕೊನೆಯದು ಯಾವ ಬಣ್ಣ?"

ನಾನು ಕನ್ನಡಕ ಸೀರೆಯ ಸೆರಗಿನಲ್ಲಿ ಒರಸಿ, ಬೆಳಕಿಗೆ ತಿರುಗಿ, ನಿಧಾನವಾಗಿ ನೋಡಿದೆ. "ಹಸಿರು," ಎಂದೆ. ಸುಳ್ಳಲ್ಲ, ಆಗಲೂ ನನಗೆ ಹಸಿರೇ ಕಂಡದ್ದು. ಅವನು ಟಿವಿಯ ಮೇಲಿದ್ದ ಮಾತೆಯ ಪ್ರತಿಮೆಯ ಮೇಲಂಗಿ ತೋರಿಸಿದ. ಅದೂ ಹಸಿರೇ. ನಾನು ಊರಿನ ಕಲ್ಯಾಣಪುರದಿಂದ ತರುವಾಗ ನೀಲಿ ಉಟ್ಟಿದ್ದ ಮಾತೆ ಹಸಿರು ಬಟ್ಟೆ ಉಟ್ಟದ್ದು ಯಾವಾಗಿನಿಂದ ಎಂದು ನನಗೆ ಯೋಚನೆಯೇ ಬಂದಿರಲಿಲ್ಲ. ಬಣ್ಣ ಹಳತಾದಾಗ ಹಾಗಾಗುತ್ತದೆ ಎಂದುಕೊಂಡಿದ್ದೆ.

ಪೊರೆ ಬಂದ ಕಣ್ಣಿಗೆ ನೀಲಿ ಹಸಿರಾಗಿ ಕಾಣುತ್ತದೆ ಎಂದು ಹೇಳಿ ಹುಡುಗ ನೆಲದ ಮೇಲೆ ಕುಳಿತುಬಿಟ್ಟ. ಒಬ್ಬರಿಗೆ ಕಣ್ಣಿಲ್ಲ, ಇನ್ನೊಬ್ಬರಿಗೆ ಅರ್ಧ ಇಲ್ಲ, ಇಬ್ಬರೂ ಸೇರಿ ಒಂದು ವರ್ಷದಿಂದ ನನ್ನ ಮನೆಯಲ್ಲಿ ಎರಡು ಸಾವಿರ ವೋಲ್ಟು ಮುಟ್ಟುತ್ತಿದ್ದೀರಿ ಎಂದ. ಅದನ್ನು ಅವನು ಕೂಗಿ ಹೇಳಿದ್ದರೆ ನಾನೂ ಕೂಗಬಹುದಿತ್ತು. ಮೆಲ್ಲನೆ ಹೇಳಿದ. ಆಮೇಲೆ ಎದ್ದು ಕೋಣೆಗೆ ಬೀಗ ಹಾಕಿ ಕೀ ಜೇಬಿಗೆ ಹಾಕಿಕೊಂಡ. ಇಬ್ಬರ ಪೊರೆಯೂ ಹೋದ ಮೇಲೆ ತೆಗೆಯುತ್ತೇನೆ, ಇಬ್ಬರ ಹೆಸರನ್ನೂ ಕಣ್ಣಾಸ್ಪತ್ರೆಗೆ ಬರೆಸುತ್ತೇನೆ ಎಂದ. ಇವರು ತಲೆ ತಗ್ಗಿಸಿಕೊಂಡೇ, "ಲಿಲ್ಲಿಯದ್ದು ಮೊದಲು ಆಗಲಿ," ಎಂದರು. ಅಷ್ಟು ಮರ್ಯಾದೆಯಿಂದ ಇವರು ನನಗೆ ದಾರಿ ಬಿಟ್ಟುಕೊಟ್ಟದ್ದು ಅದೇ ಮೊದಲು.

ನನಗೆ ಹೆದರಿಕೆ ಇಲ್ಲ ಎಂದು ನಾನು ಹೇಳಿದೆ. ಆದರೆ ಈಗ ಸೆಕೆ, ಬೆವರು ಕಣ್ಣಿಗೆ ಇಳಿಯುತ್ತದೆ. ಸ್ವಲ್ಪ ತಂಪಾಗಲಿ ಎಂದೆ. ಆಮೇಲೆ ಹೇಗೂ ಕ್ರಿಸ್ಮಸ್ ಬರುತ್ತದೆ, ಹಬ್ಬದ ಕುಸ್ವಾರ್ ತಿಂಡಿ ಮಾಡುವವರು ಯಾರು, ಅದು ಕಳೆಯಲಿ ಎಂದೆ. ನನ್ನದು ಇನ್ನೂ ಬಲಿಯದ ಪೊರೆ ಇರಬಹುದು, ಎಳೆಯದನ್ನು ತೆಗೆದರೆ ಪುನಃ ಬರುತ್ತದಂತೆ ಎಂದೂ ಹೇಳಿದೆ. ಇದೆಲ್ಲ ನನ್ನ ಬಾಯಿಗೆ ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಆಶ್ಚರ್ಯ. ಇವರು ಸೋಫಾದ ಮೂಲೆಯಲ್ಲಿ ಕುಳಿತು ನಗಾಡುತ್ತಿದ್ದರು. ರೋಶನ್ ಸಾಕಾಗಿ, ನೀವಿಬ್ಬರೂ ಏನು ಬೇಕಾದರೂ ಮಾಡಿ, ಬೀಗ ಮಾತ್ರ ತೆಗೆಯುವುದಿಲ್ಲ ಎಂದು ಎದ್ದು ಹೋದ. ನಾನು ಗೆದ್ದೆ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಆರೂವರೆಗೆ ನೀರುಳ್ಳಿ ಹುರಿಯುತ್ತಿದ್ದೆ. ಇವರು ಬಂದು ನನ್ನ ಬೆನ್ನ ಹಿಂದೆ ನಿಂತರು. ಹೋಗಲು ಬೇರೆ ಜಾಗವಿರಲಿಲ್ಲ. ಪಾತ್ರೆಯ ಮುಚ್ಚಳ ತೆಗೆದು ಹಬೆಗೆ ಮುಖ ಒಡ್ಡಿ, ಉಪ್ಪು ಹಾಕಿದ್ದೀಯಾ ಎಂದರು. ನಂತರ ಬಾಣಲೆಗೆ ಬಗ್ಗಿ, ನೀರುಳ್ಳಿ ಇನ್ನೂ ಕೆಂಪಾಗಲಿಲ್ಲ ಎಂದರು. ಆಗಿದೆ ಎಂದೆ. ಇಲ್ಲ ಎಂದರು. ಸ್ವಲ್ಪ ಹೊತ್ತು ಇಬ್ಬರೂ ಬಾಣಲೆಯ ಮೇಲೆ ಬಗ್ಗಿ ಆಗಿದೆ, ಇಲ್ಲ ಎಂದು ವಾದ ಮಾಡಿದೆವು, ಅಷ್ಟರಲ್ಲಿ ಅದು ಸೀದ ವಾಸನೆ ಬಂತು. ನಾನು ಒಲೆ ಆರಿಸಿದೆ, ಕೈ ಒರಸಿಕೊಂಡೆ, ಹೋಗಿ ರೋಶನ್‌ನ ಕೋಣೆಯ ಬಾಗಿಲು ಬಡಿದು, ಎದ್ದು ಆಸ್ಪತ್ರೆಗೆ ಫೋನು ಮಾಡು, ನನ್ನ ಹೆಸರು ಮೊದಲು ಬರೆಸು, ಪಪ್ಪನದ್ದು ಅದರ ಕೆಳಗೇ ಬರೆಸು ಎಂದೆ.