ಹತ್ತಲಿಕ್ಕಿಲ್ಲದ ಕುದುರೆ

ದನ ಸಾಕಿದವರ ಮನೆಗೆ ಹಾಲಿಗೆ ಜನ ಬರುತ್ತಾರೆ. ನಾಯಿ ಸಾಕಿದವರ ಮನೆಗೆ ಯಾರೂ ಬರುವುದಿಲ್ಲ. ಕುದುರೆ ಸಾಕಿದವರ ಮನೆಗೆ ಮಾತ್ರ ಎಲ್ಲರೂ ಬರುತ್ತಾರೆ, ಬಂದವರು ಒಂದಲ್ಲ ಒಂದು ಕತೆ ಬಿಟ್ಟೇ ಹೋಗುತ್ತಾರೆ. ಹೈಸ್ಕೂಲಿನಲ್ಲಿ ಪಿ.ಟಿ. ಟೀಚರಾಗಿ ವಿಸಿಲ್ ಊದಿ ಊದಿ ಸಾಕಾಗಿ, ಸ್ವಯಂ ನಿವೃತ್ತಿ ತೆಗೆದುಕೊಂಡು, ಕಾಣಿಯೂರಿನಲ್ಲಿ ಕುದುರೆ ಕಟ್ಟಿದ ಮೇಲೆ ನನಗೆ ಇದು ಗೊತ್ತಾಯಿತು.

ಹಾಲೂ ಇಲ್ಲ, ಸವಾರಿಯೂ ಇಲ್ಲ

ಕುದುರೆಯ ಹೆಸರು ಚಂಪಾ. ರೇಸಿನಿಂದ ನಿವೃತ್ತಿಯಾದ ಹೆಣ್ಣು ಕುದುರೆ. ಅಂದರೆ ನಾವಿಬ್ಬರೂ ಓಡಿ ಮುಗಿಸಿದವರೇ. ನಾನು ಮಾಡಿಸುವ ಕೆಲಸ ಕೇಳಲಿಕ್ಕೆ ಸುಲಭ. ಬಂದವರು ಕುದುರೆ ಹತ್ತುವುದಿಲ್ಲ. ನೆಲದ ಮೇಲೆಯೇ ನಿಂತು, ಹಗ್ಗ ಹಿಡಿದು, ಅದನ್ನು ನಡೆಸಬೇಕು, ನಿಲ್ಲಿಸಬೇಕು, ಹಿಂದೆ ಸರಿಸಬೇಕು. ಎಳೆದರೆ ಅದು ಬರುವುದಿಲ್ಲ, ನಾವು ಹೆದರಿದರೆ ಅದಕ್ಕೂ ಹೆದರಿಕೆ. ನಮ್ಮ ಮನಸ್ಸಿನಲ್ಲಿರುವುದನ್ನು ಅದು ನಮ್ಮ ಭುಜದಲ್ಲಿ, ಉಸಿರಿನಲ್ಲಿ ಓದುತ್ತದೆ. ಹಾಗಾಗಿ ಅದನ್ನು ನಡೆಸಲು ಕಲಿತವರಿಗೆ ತಾಳ್ಮೆ, ಧೈರ್ಯ, ನೇರವಾಗಿ ಮಾತಾಡುವುದು ಎಲ್ಲ ತಾನಾಗಿ ಬರುತ್ತದೆ. ನಾನೇ ದೂರದ ಒಂದು ಶಿಬಿರಕ್ಕೆ ಹೋಗಿ ಕಲಿತು ಬಂದದ್ದು.

ಇದನ್ನು ಊರಿಗೆ ವಿವರಿಸುವುದು ಕುದುರೆ ನಡೆಸುವುದಕ್ಕಿಂತ ಕಷ್ಟ. ಮೊದಲ ವಾರವೇ ಪಕ್ಕದ ತೋಟದ ಹಿರಿಯರು ಬೇಲಿಯಾಚೆ ನಿಂತು ವಿಚಾರಣೆ ಶುರು ಮಾಡಿದರು. ಹಾಲು ಕೊಡುತ್ತದಾ ಎಂದರು, ಇಲ್ಲ ಎಂದೆ. ಗಾಡಿ ಎಳೆಯುತ್ತದಾ ಎಂದರು, ಇಲ್ಲ ಎಂದೆ. ಹಾಗಾದರೆ ಮದುಮಗನನ್ನು ಹತ್ತಿಸಲಿಕ್ಕಾ ಎಂದರು. ಹತ್ತಲಿಕ್ಕೇ ಇಲ್ಲ ಎಂದು, ತಾಳ್ಮೆ ಧೈರ್ಯದ ಪಾಠವನ್ನೆಲ್ಲ ಒಪ್ಪಿಸಿದೆ. ಅವರು ಬಾಯಲ್ಲಿದ್ದ ಎಲೆ ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದು ದವಡೆಗೆ ಸಾಗಿಸಿ, ಚಂಪಾಳನ್ನು ಮೇಲಿಂದ ಕೆಳಗೆ ನೋಡಿದರು.

"ತಿನ್ನುದು, ನಿಲ್ಲುದು, ಕೆಲಸ ಎಂತದೂ ಇಲ್ಲ. ನಮ್ಮಲ್ಲಿಯೂ ಒಬ್ಬ ಭಾವ ಹಾಗೆಯೇ ಇದ್ದಾನೆ ಟೀಚರೇ. ಇದರದ್ದು ಗೊಬ್ಬರ ಆದ್ರೂ ಸಿಗ್ತದೆ."

ಆ ದಿನ ಅವರು ಎರಡು ಬುಟ್ಟಿ ಗೊಬ್ಬರ ಕೊಂಡುಹೋದರು. ಆ ಭಾವನ ತಲೆಗೆ ಹೊರಿಸಿಯೇ.

ಪತ್ತನಾಜೆಯ ಗಡುವು

ಅವರಾದರೂ ಬೇಲಿಯಾಚೆಯವರು. ನನ್ನ ನಿಜವಾದ ಕಷ್ಟ ಬೇಲಿಯ ಒಳಗೇ ಇತ್ತು. ಕುದುರೆ ಕಟ್ಟಿದ ಬಯಲು ನನ್ನ ಅಣ್ಣನ ಹೆಸರಿನಲ್ಲಿದೆ. ಅಣ್ಣನ ಮನೆ ಮೇಲಿನ ಗುಡ್ಡದಲ್ಲಿ, ಅಣ್ಣನ ಸ್ವರ ಊರಿಡೀ. ಅವನು ಅಂಗಳದಲ್ಲಿ ನಿಂತು "ಕಾಫಿ" ಎಂದು ಕೂಗಿದರೆ ಕೆಳಗಿನ ನಾಲ್ಕು ಮನೆಗಳಲ್ಲಿ ಒಲೆಗೆ ನೀರಿಡುತ್ತಾರೆ ಎಂದು ನಾವು ತಮಾಷೆ ಮಾಡುವುದುಂಟು.

ಅಣ್ಣನಿಗೆ ಆ ಬಯಲಿನಲ್ಲಿ ಕ್ರಿಕೆಟ್ ಟರ್ಫ್ ಹಾಕುವ ಆಸೆ. ಪುತ್ತೂರಿನಲ್ಲಿ ಹಸಿರು ಹುಲ್ಲುಹಾಸು, ಸುತ್ತ ಬಲೆ, ಲೈಟು ಎಲ್ಲ ನೋಡಿ ಬಂದಿದ್ದ. ಒಂದು ದಿನ ತಂಗಿ ಎಂದೂ ನೋಡದೆ ನನ್ನನ್ನು ಕೂರಿಸಿ ತೀರ್ಪು ಕೊಟ್ಟ.

"ನಿನ್ನ ಕುದುರೆಯಿಂದ ಸುಧಾರಿಸಿದ ಒಬ್ಬ ಮನುಷ್ಯನನ್ನು ತೋರಿಸು. ಒಬ್ಬ ಸಾಕು. ನಾನು ಕಣ್ಣಾರೆ ನೋಡಬೇಕು. ಪತ್ತನಾಜೆಗೆ ಯಕ್ಷಗಾನದವರೂ ಗೆಜ್ಜೆ ಬಿಚ್ಚುತ್ತಾರೆ. ಅಷ್ಟರೊಳಗೆ ತೋರಿಸದಿದ್ದರೆ ನೀನೂ ಬಿಚ್ಚು."

ಪತ್ತನಾಜೆ ಎಂದರೆ ಮೇ ತಿಂಗಳ ಕೊನೆಗೆ, ಮಳೆಗೆ ಮುಂಚೆ ಆಟ ಕೋಲಗಳೆಲ್ಲ ಮುಗಿಯುವ ದಿನ. ಚಂಪಾಳನ್ನು ಕಟ್ಟಲು ನನಗೆ ಬೇರೆ ಜಾಗವಿರಲಿಲ್ಲ. ಅವಳನ್ನು ಬಿಟ್ಟಿರುವ ಮನಸ್ಸಂತೂ ಮೊದಲೇ ಇರಲಿಲ್ಲ. ಆ ಒಬ್ಬ ಮನುಷ್ಯನನ್ನು ಹುಡುಕತೊಡಗಿದೆ.

ಇದಕ್ಕೆ ಯಾವ ಭಾಷೆ?

ನಮ್ಮ ಕಡೆ ಎದುರಿಗೆ ಯಾರೇ ಬಂದರೂ ಮೊದಲು ಅವರ ಜೊತೆ ಯಾವ ಭಾಷೆಯಲ್ಲಿ ಮಾತಾಡುವುದು ಎಂದು ನಿಶ್ಚಯವಾಗಬೇಕು. ಮನೆಯಲ್ಲಿ ಅರೆಭಾಷೆ, ಬಸ್ಸಿನಲ್ಲಿ ತುಳು, ಆಫೀಸಿನಲ್ಲಿ ಕನ್ನಡ. ಹಾಗಾಗಿ ಬಂದವರೆಲ್ಲ ಚಂಪಾಳನ್ನು ನೋಡಿ ಕೇಳುವ ಮೊದಲ ಪ್ರಶ್ನೆ, ಇದಕ್ಕೆ ಯಾವ ಭಾಷೆ ಬರ್ತದೆ ಎಂದು.

ಕುಂಬ್ರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟ ಬ್ಯಾರಿಯೊಬ್ಬರು ಬಂದರು. ಗಲ್ಫಿನಲ್ಲಿ ತುಂಬ ವರ್ಷ ಇದ್ದು ಬಂದವರು. ಮನೆಯಲ್ಲಿ ಹೆಂಡತಿ ಮಕ್ಕಳಿಗೆ ಬಾಯಿ ತೆರೆಯಲಿಕ್ಕೆ ಸಂದಿಯೇ ಸಿಗುವುದಿಲ್ಲವೆಂದು ಮಗಳೇ ಅವರನ್ನು ಕಳಿಸಿದ್ದಳು. ಸುಮ್ಮನಿರುವುದನ್ನು ಕಲಿಯಬೇಕಾಗಿತ್ತು. ಹಗ್ಗ ಕೊಟ್ಟು, ಮಾತು ಬೇಡ, ಸುಮ್ಮನೆ ನಡೆಯಿರಿ ಎಂದೆ. ಅವರು ತುಳುವಿನಲ್ಲಿ ಶುರು ಮಾಡಿದರು. ಚಂಪಾ ಅಲುಗಲಿಲ್ಲ. ಕನ್ನಡಕ್ಕೆ ಬಂದರು. ನೊಣ ಓಡಿಸಿದಳು. ತಮ್ಮ ಬ್ಯಾರಿ ಭಾಷೆಯಲ್ಲಿ ಮನೆಯ ಸುದ್ದಿ ಹೇಳಿದರು, ಮಲಯಾಳದಲ್ಲಿ ಪುಸಲಾಯಿಸಿದರು, ಹಿಂದಿಯಲ್ಲಿ ಗದರಿಸಿದರು. ಕೊನೆಗೆ ಅರಬ್ಬಿಗೆ ಇಳಿದರು. ಅಷ್ಟು ಹೊತ್ತಿಗೆ ಉಸಿರು ಕಟ್ಟಿ, ಅವರ ಬಾಯಿ ತಾನಾಗಿ ಮುಚ್ಚಿತು. ಕೈ ಸಡಿಲಾಯಿತು. ಸುಮ್ಮನೆ ನಿಂತು ಉಸಿರು ಬಿಟ್ಟರು.

ಚಂಪಾ ಮೆಲ್ಲ ಬಂದು ಅವರ ಹೆಗಲಿಗೆ ಮುಖ ಒರಗಿಸಿದಳು. ಅವರ ಕಣ್ಣು ತೇವವಾಯಿತು. ನನ್ನದೂ ಆಯಿತು. ಅಣ್ಣನಿಗೆ ತೋರಿಸಬೇಕಾದ ಮನುಷ್ಯ ಸಿಕ್ಕಿದ ಎಂದುಕೊಂಡು, ಏನು ಕಲಿತಿರಿ ಎಂದು ಕೇಳಿದೆ.

"ಇದಕ್ಕೆ ಅರಬ್ಬಿ ಅರ್ಥ ಆಗ್ತದೆ ಟೀಚರೇ. ಸ್ವಲ್ಪ ಲೇಟಾಗಿ, ಅಷ್ಟೇ."

ಆಗುದಿಲ್ಲ

ಎರಡನೆಯವರು ಸುಳ್ಯದ ಕಡೆಯ ಪ್ರಾಥಮಿಕ ಶಾಲೆಯ ಟೀಚರು. ಪಾಪದವರು, ಯಾರು ಏನು ಹೇಳಿದರೂ ಆಗಲಿ ಎನ್ನುವವರು. ಶಾಲೆಯಲ್ಲಿ ಬಿಸಿಯೂಟದ ಅಕ್ಕಿಯಿಂದ ವಾರ್ಷಿಕೋತ್ಸವದ ಬಾವುಟದವರೆಗೆ ಎಲ್ಲ ಅವರ ತಲೆಗೆ. ಸಂಬಂಧಿಕರ ಮದುವೆಗೆ ಹೋದರೆ ಮದುಮಗಳ ಜಡೆಗೆ ಹೂ ಮುಡಿಸುವುದೂ ಅವರೇ, ಊಟವಿಲ್ಲದೆ ವಾಪಸು ಬರುವುದೂ ಅವರೇ. ನನಗೆ ಒಂದು ಸಲ ಬೇಡ ಅನ್ನಲಿಕ್ಕೆ ಕಲಿಸಿ ಎಂದು ಬಂದಿದ್ದರು. ಅದನ್ನು ಕೇಳುವಾಗಲೂ ನಿಮಗೆ ತೊಂದರೆ ಇಲ್ಲದಿದ್ದರೆ ಎಂದು ಸೇರಿಸಿದ್ದರು.

ಇಂಥವರು ಸಿಕ್ಕಿದರೆ ಚಂಪಾಳಿಗೆ ಹಬ್ಬ. ಮುಖದಿಂದ ನೂಕಿ ನೂಕಿ ಅವರನ್ನು ಬೇಲಿಗೆ ಒತ್ತಿಟ್ಟಳು. ಅವರು ಕುದುರೆಗೇ ಸಾರಿ ಕೇಳಿದರು. ಬೆನ್ನು ನೆಟ್ಟಗೆ ಮಾಡಿ, ಅಂಗೈ ಎತ್ತಿ ಹಿಡಿದು, ಒಂದೇ ಮಾತು ಹೇಳಿ ನಿಲ್ಲಬೇಕು ಎಂದು ಹೇಳಿಕೊಟ್ಟೆ. ಎಷ್ಟೋ ಹೊತ್ತು ಕೈ ಮೇಲೆ ಏಳಲಿಲ್ಲ. ಕೊನೆಗೆ ಯಾವ ಮದುವೆಯ ನೆನಪಾಯಿತೋ, ಕೈ ಎತ್ತಿ "ಸಾಕು" ಎಂದರು ನೋಡಿ, ಚಂಪಾ ಹಿಂದೆ ಸರಿದು ತಲೆ ತಗ್ಗಿಸಿದಳು. ಟೀಚರು ಅಳುತ್ತ ನಕ್ಕರು.

ನನಗಂತೂ ಕುಣಿಯುವಷ್ಟು ಸಂತೋಷ. ಇದಕ್ಕಿಂತ ದೊಡ್ಡ ಸಾಕ್ಷಿ ಅಣ್ಣನಿಗೆ ಬೇಕಾ? ಬರುವ ಭಾನುವಾರ ಅಣ್ಣನನ್ನು ಕರೆಸುತ್ತೇನೆ, ನೀವು ಬಂದು ಇದನ್ನೇ ಒಮ್ಮೆ ಮಾಡಿ ತೋರಿಸಬೇಕು, ನನ್ನ ಬಯಲಿನ ಪ್ರಶ್ನೆ ಎಂದು ಅವರ ಕೈ ಹಿಡಿದೆ. ಅವರು ಕೈ ಬಿಡಿಸಿಕೊಂಡರು. ಬೆನ್ನು ನೆಟ್ಟಗಾಯಿತು. ಅಂಗೈ ನನ್ನ ಮೂಗಿನ ಎದುರಿಗೆ ಬಂದು ನಿಂತಿತು.

"ಆಗುದಿಲ್ಲ ಟೀಚರೇ."

ಎಷ್ಟು ಚಂದ ಕಲಿಸಿದ್ದೆನೆಂದರೆ ನಾನೂ ಎರಡು ಹೆಜ್ಜೆ ಹಿಂದೆ ಸರಿದೆ.

ಅಣ್ಣ ಹಗ್ಗ ಹಿಡಿದದ್ದು

ಪತ್ತನಾಜೆ ಹತ್ತಿರ ಬಂತು. ಅಣ್ಣ ಟರ್ಫ್ ಹಾಕುವ ಕಂಟ್ರಾಕ್ಟರನ್ನು ಜೀಪಿನಲ್ಲಿ ಕೂರಿಸಿಕೊಂಡು ಅಳತೆಗೆ ಬಂದ. ಕಂಟ್ರಾಕ್ಟರು ಚಂಪಾಳನ್ನು ನೋಡಿ, ಮೊದಲು ಅದನ್ನು ಆಚೆ ಕಟ್ಟಿ ಎಂದು ಜೀಪಿನಲ್ಲೇ ಉಳಿದರು. ನಾನು ಹಗ್ಗಕ್ಕೆ ಕೈ ಹಾಕುವಷ್ಟರಲ್ಲಿ ಅಣ್ಣ ಕಸಿದುಕೊಂಡ. ಎಂತೆಂಥ ಕೋಣಗಳನ್ನು ದಾರಿಗೆ ತಂದವನು ನಾನು, ಇದು ಯಾವ ಲೆಕ್ಕ ಎಂದ.

ಅಣ್ಣ ಎಳೆದ. ಚಂಪಾ ನಿಂತಳು. ಅಣ್ಣ ಅವಳ ಮುಖಕ್ಕೆ ಮುಖ ಕೊಟ್ಟು, ಹಿಂದೆ ಹಿಂದೆ ವಾಲಿ ಮೈಯ ಭಾರವನ್ನೆಲ್ಲ ಹಗ್ಗಕ್ಕೆ ಹಾಕಿದ. ಅವಳು ಇನ್ನೂ ಗಟ್ಟಿಯಾಗಿ ನಿಂತಳು. ಆಗ ಬೊಬ್ಬೆ ಹಾಕಿದ. ತೋಟದ ಹಕ್ಕಿಗಳೆಲ್ಲ ಹಾರಿಹೋದವು. ಚಂಪಾ ಬಾಯಿ ಅಗಲಿಸಿ, ಹಲ್ಲನ್ನೆಲ್ಲ ತೋರಿಸಿ, ನಿಧಾನವಾಗಿ ಆಕಳಿಸಿದಳು. ಅಣ್ಣನ ಮಾತಿಗೆ ಅವನೆದುರೇ ಆಕಳಿಸಿದವರು ನಮ್ಮ ಮನೆತನದಲ್ಲಿ ಅದುವರೆಗೆ ಯಾರೂ ಇರಲಿಲ್ಲ.

ಅವನು ಹಗ್ಗ ಬಿಸಾಡಿದ. ಇದಕ್ಕಿಂತ ಟರ್ಫೇ ವಾಸಿ ಎಂದು ಬೆನ್ನು ತಿರುಗಿಸಿ, ಕೈ ಹಿಂದೆ ಕಟ್ಟಿ, ಗೇಟಿನ ಕಡೆಗೆ ನಡೆದ. ಎಳೆಯುವವರಿಲ್ಲ ಎಂದಾದ ಕೂಡಲೇ ಚಂಪಾ ಹಿಂದೆಯೇ ಹೊರಟಳು. ಅಣ್ಣನಿಗೆ ಗೊತ್ತಿಲ್ಲ. ಕಂಟ್ರಾಕ್ಟರು ಗಾಬರಿಯಿಂದ ಏನೋ ಸನ್ನೆ ಮಾಡಿ ಜೀಪಿನ ಗ್ಲಾಸು ಏರಿಸಿದರು. ಅಣ್ಣ ತಿರುಗಿ ನೋಡಿದರೆ ಹೆಗಲ ಹತ್ತಿರವೇ ಕುದುರೆಯ ಮುಖ.

ಅವನು ನಿಂತ, ಅವಳು ನಿಂತಳು. ಬಲಕ್ಕೆ ಹೋದ, ಅವಳೂ ಬಲಕ್ಕೆ. ಇಡೀ ಬಯಲಿಗೆ ಒಂದು ಸುತ್ತು ಹಾಕಿದರು, ಮುಂದೆ ಅಣ್ಣ, ಹಿಂದೆ ಚಂಪಾ. ಅವನ ಮುಖದಲ್ಲಿ ಆಗ ಇದ್ದ ನಗುವನ್ನು ನಾನು ಚಿಕ್ಕಂದಿನಲ್ಲಿ ನೋಡಿದ್ದು, ಆಮೇಲೆ ನೋಡಿಯೇ ಇರಲಿಲ್ಲ. ಅವನು ಹತ್ತಿರ ಬಂದು ಹೇಳಿದ, "ನೋಡಿದೆಯಾ? ನೀನು ಕಲಿಸುದೇ ತಪ್ಪು. ನನ್ನ ಹಾಗೆ ಗಟ್ಟಿ ಹೇಳಬೇಕು."

ಆ ಒಂದು ಸುತ್ತಿನಲ್ಲಿ ಅವನು ಒಂದು ಅಕ್ಷರ ಮಾತಾಡಿರಲಿಲ್ಲ. ಟರ್ಫಿನ ವಿಷಯ ಪತ್ತನಾಜೆಗೇ ಹೇಳುತ್ತೇನೆ ಎಂದು ಕಂಟ್ರಾಕ್ಟರನ್ನು ಕರೆದುಕೊಂಡು ಹೋದ. ಮರುದಿನ ಬೆಳಿಗ್ಗೆ ಒಬ್ಬನೇ ಬಂದ. ಆಮೇಲೆ ದಿನಾ ಬಂದ, ಬಂದು, ಎಳೆಯಬಾರದು, ಒತ್ತಡ ತೆಗೆದು ಕಾಯಬೇಕು, ಬಂದರೆ ಬೆಲ್ಲ ಕೊಡಬೇಕು ಎಂದು ನನಗೇ ಕಲಿಸಿದ.

ಅತ್ತಿಗೆಯ ದೂರು

ಪತ್ತನಾಜೆಯ ಹಿಂದಿನ ದಿನ ಅತ್ತಿಗೆ ಗುಡ್ಡ ಇಳಿದು ಬಂದರು. ಜಗಲಿಯಲ್ಲಿ ಕೂತು, ಸೆರಗಿನಿಂದ ಬೆವರು ಒರೆಸಿಕೊಂಡು, ನಿನ್ನ ಅಣ್ಣನಿಗೆ ಎಂತದೋ ಆಗಿದೆ ಎಂದರು.

ಅಣ್ಣ ಈಗ ಕಾಫಿಗೆ ಕೂಗುವುದಿಲ್ಲವಂತೆ. ಅಡುಗೆಮನೆಯ ಬಾಗಿಲಿಗೆ ಬಂದು, ಸ್ವಲ್ಪ ಓರೆಯಾಗಿ ನಿಂತು, ಭುಜ ಇಳಿಬಿಟ್ಟು, ಬೇರೆಲ್ಲೋ ನೋಡುತ್ತಾ ಉದ್ದುದ್ದ ಉಸಿರು ಬಿಡುತ್ತಾನಂತೆ. ಎದೆನೋವಾ ಎಂದು ಅತ್ತಿಗೆ ಹೆದರಿ ಕೇಳಿದರೆ, ಇಲ್ಲ, ಒತ್ತಡ ತೆಗೆದಿದ್ದೇನೆ, ನಿನಗೆ ಮನಸ್ಸಾದಾಗ ಬಾ ಎಂದನಂತೆ. ಅವರು ಕಾಫಿ ತಂದುಕೊಟ್ಟರು. ಅಣ್ಣ ಲೋಟ ತೆಗೆದುಕೊಂಡು, ಅವರ ಹೆಗಲು ತಟ್ಟಿ, ಶಾಭಾಸ್ ಎಂದು, ಅಂಗೈಗೆ ಒಂದು ತುಂಡು ಬೆಲ್ಲ ಇಟ್ಟನಂತೆ.

ನನ್ನ ಜೀವ ಹೋಯಿತು. ಸುಧಾರಿಸಿದ ಮನುಷ್ಯ ಸಿಕ್ಕಿದ್ದ ನಿಜ, ಆದರೆ ಅತ್ತಿಗೆ ಸಿಟ್ಟಾದರೆ ಬಯಲು ನಾಳೆಯೇ ಹೋದ ಹಾಗೆ. ತಪ್ಪು ತಿಳಿಯಬೇಡಿ, ಅದು ಕುದುರೆಗೆ ಮಾಡುವ ಕ್ರಮ, ಅಣ್ಣ ಅಭ್ಯಾಸದಲ್ಲಿ ನಿಮಗೂ ಮಾಡಿದ್ದು ಎಂದು ತೊದಲಿದೆ. ಅತ್ತಿಗೆ ಚಂಪಾಳ ಕಡೆಗೆ ತಿರುಗಿದರು.

"ಮದುವೆಯಾಗಿ ಇಷ್ಟು ವರ್ಷದಲ್ಲಿ ಆ ಮನುಷ್ಯ ನನಗೆ ಶಾಭಾಸ್ ಅಂದದ್ದು ಇದೇ ಮೊದಲು. ಕುದುರೆ ಅಂತ ತಿಳಿದು ಹೇಳಿದ್ದಾದ್ರೂ ತೊಂದರೆ ಇಲ್ಲ ಮಾರಾಯ್ತಿ." ಕಣ್ಣು ಒರೆಸಿಕೊಂಡು ಎದ್ದರು. "ಟರ್ಫ್ ಇಲ್ಲ. ನೀನು ಹೆದರ್ಬೇಡ. ಇವತ್ತು ಬೆಳಿಗ್ಗೆ ಒಪ್ಪಿದರು."

ಅಣ್ಣನನ್ನು ಒಪ್ಪಿಸಿದ್ದು ಹೇಗೆ ಎಂದು ನಾನು ಬಾಯಿ ಬಿಟ್ಟುಕೊಂಡು ಕೇಳಿದೆ.

"ಎಂತ ಹೇಗೆ? ಅವರು ಟರ್ಫ್ ಅಂದ ಕೂಡಲೇ ನಾನು ನಾಲ್ಕೂ ಕಾಲು ಊರಿ ನಿಂತೆ. ಅವರ ಕೈಯ ಒಂದು ಅಚ್ಚು ಬೆಲ್ಲ ಖಾಲಿ ಆಗುವವರೆಗೆ ಅಲುಗಲಿಲ್ಲ."